ನೋರಾ ಯಾರಿಂದ ಕಲಿತಳು

ವಿದೇಶಿಯರ ಮನೆಗೆ ಕೆಲಸ ಕೇಳಿಕೊಂಡು ಹೋಗುವ ಬೆಂಗಳೂರಿನ ಜೋಗುಪಾಳ್ಯದ ಹೆಂಗಸರಿಗೆ ಮೊದಲ ದಿನ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹಂದಿಮಾಂಸ ಮುಟ್ಟುತ್ತೀಯಾ, ನಾಯಿ ಕಂಡರೆ ಹೆದರಿಕೆಯೇ, ಮಗುವಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತೀಯಾ. ಮೊದಲೆರಡಕ್ಕೆ ಅವರವರ ಮನಸ್ಸಿಗೆ ತಕ್ಕ ಉತ್ತರ. ಕೊನೆಯದಕ್ಕೆ ಮಾತ್ರ ಎಲ್ಲರೂ ‘ಯೆಸ್ ಮೇಡಂ’ ಎನ್ನುತ್ತಾರೆ. ಹಾಗಂತ ಯಾರೂ ಮಗುವಿನ ಜೊತೆ ಇಂಗ್ಲಿಷ್ ಮಾತಾಡುವುದಿಲ್ಲ.

ಯಶೋದಮ್ಮನಿಗೆ ಈ ರೂಢಿಯನ್ನು ಹೇಳಿಕೊಟ್ಟವರು ಸೋದರತ್ತೆ ಮುನಿಲಕ್ಷ್ಮಮ್ಮ. ಹಲಸೂರು ಕೆರೆಯ ಆಚೆ ಮಿಲಿಟರಿ ಅಧಿಕಾರಿಗಳ ಬಂಗಲೆಗಳಲ್ಲಿ ಮಕ್ಕಳನ್ನು ಸಾಕಿದ ಹೆಂಗಸು. “ದೊಡ್ಡೋರ ಹತ್ರ ಅವರ ಮಾತು, ಮಕ್ಕಳ ಹತ್ರ ನಮ್ಮ ಮಾತು ಕಣೇ. ಬರದೇ ಇರೋ ಭಾಷೇಲಿ ಮುದ್ದು ಮಾಡಕ್ಕಾಗತ್ತಾ? ಮಗು ಬಿದ್ದು ಅಳ್ತಿದ್ರೆ ಇಂಗ್ಲಿಷ್ ಹುಡುಕ್ತಾ ನಿಂತ್ಕೋತೀಯಾ?” ಎಂದು ಆಕೆ ಕೇಳಿದ್ದರಂತೆ. ಯಶೋದಮ್ಮನಿಗೆ ಅದು ಸರಿಯೆನಿಸಿತು. ಆಮೇಲೆ ಅದರ ಬಗ್ಗೆ ಯೋಚಿಸುವ ಪ್ರಸಂಗವೇ ಬರಲಿಲ್ಲ, ಎರಡು ಸಾವಿರದ ಇಸವಿಯ ತನಕ.

ಯಶೋದಮ್ಮ ಹುಟ್ಟಿದ್ದು ಮೋಟಪ್ಪನಪಾಳ್ಯದಲ್ಲಿ. ತಂದೆ ಸೊಪ್ಪು ಬೆಳೆಯುತ್ತಿದ್ದರು. ಇಂದಿರಾನಗರದ ಬಡಾವಣೆ ಬಂದಾಗ ಹೊಲ ಹೋಯಿತು. ಮದುವೆಯಾಗಿ ಬಂದದ್ದು ಜೋಗುಪಾಳ್ಯಕ್ಕೆ, ಗಂಡ ರಾಮಾಂಜಿನಪ್ಪನಿಗೆ ಹಲಸೂರು ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ. ಇಬ್ಬರು ಹೆಣ್ಣುಮಕ್ಕಳ ಮದುವೆಯಾದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಇಂದಿರಾನಗರದ ಪ್ರೆಸ್ಕಾಟ್ ದಂಪತಿಯ ಮನೆಗೆ ಅವರು ಅಡುಗೆಗೂ ಮಗು ನೋಡಿಕೊಳ್ಳುವುದಕ್ಕೂ ಸೇರಿದರು. ಗ್ರಹಾಂ ಪ್ರೆಸ್ಕಾಟ್ ಕೃಷ್ಣರಾಜಪುರದ ಆಚೆಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ಕೂರಿಸಲು ಇಂಗ್ಲೆಂಡಿನಿಂದ ಬಂದ ಎಂಜಿನಿಯರ್. ಹೆಂಡತಿ ಹೆಲೆನ್. ಮಗಳು ನೋರಾ ಆಗ ತೊಟ್ಟಿಲ ಕೂಸು.

ಗ್ರಹಾಂ ಬಂದ ಹೊಸದರಲ್ಲಿ ತಮ್ಮ ಊರಿನಲ್ಲಿ ಮಾತಾಡುವಂತೆಯೇ ಮಾತಾಡುತ್ತಿದ್ದರು. ನಲ್ಲಿ ಸೋರಿದರೆ ಪ್ಲಂಬರನಿಗೆ, ತೊಂದರೆಯಾಗದಿದ್ದರೆ ನಾಳೆ ಬೆಳಿಗ್ಗೆ ಒಮ್ಮೆ ಬಂದು ಹೋಗಲು ಸಾಧ್ಯವಾದೀತೇ ಎಂಬಂಥ ಉದ್ದನೆಯ, ವಿನಯದ ವಾಕ್ಯ. ಪ್ಲಂಬರ್ ತಲೆಯಾಡಿಸಿ ಹೋಗುತ್ತಿದ್ದ, ಬರುತ್ತಿರಲಿಲ್ಲ. ದಾರಿ ತೋರಿಸಿದವರು ಕಾರು ಓಡಿಸುತ್ತಿದ್ದ ಶಿವಾಜಿನಗರದ ಶೌಕತ್.

“ಸಾರ್, ಲಾಂಗ್ ಸ್ಪೀಕಿಂಗ್ ನೋ ಗುಡ್. ಶಾರ್ಟ್ ಸ್ಪೀಕಿಂಗ್. ಟುಮಾರೋ ಕಮ್. ಮಸ್ಟ್ ಕಮ್. ಫಿನಿಶ್.”

ಗ್ರಹಾಂ ಹಾಗೇ ಹೇಳಿದರು. ಮರುದಿನ ಪ್ಲಂಬರ್ ಬಂದ. ಅಲ್ಲಿಂದ ಮುಂದೆ ಮನೆಯ ಇಂಗ್ಲಿಷ್ ಮೋಟಾಗುತ್ತಾ ಹೋಯಿತು. ಮೊದಲು ಗ್ಯಾಸಿನವನ ಜೊತೆ, ನೀರಿನ ಟ್ಯಾಂಕರಿನವನ ಜೊತೆ, ಕಾರ್ಖಾನೆಯಲ್ಲಿ ಫಿಟ್ಟರುಗಳ ಜೊತೆ. ಹೆಲೆನ್‌ಗೆ ಯಶೋದಮ್ಮನ ಜೊತೆ, ಹೂವಿನವಳ ಜೊತೆ. ದಿನವಿಡೀ ಹಾಗೆ ಮಾತಾಡಿ ಸಂಜೆ ಗಂಡ ಹೆಂಡತಿ ಎದುರುಬದುರು ಕೂತಾಗ ಹಳೆಯ ಇಂಗ್ಲಿಷಿಗೆ ಮರಳುವುದು ಯಾವಾಗ ನಿಂತಿತೆಂದು ಅವರಿಗೇ ಗೊತ್ತಾಗಲಿಲ್ಲ. ಯಶೋದಮ್ಮನಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಇಂಗ್ಲಿಷರ ಇಂಗ್ಲಿಷ್ ಹಾಗೇ ಇರುತ್ತದೆ ಎಂದುಕೊಂಡಿದ್ದರು.

ನೋರಾಳ ಜೊತೆ ಯಶೋದಮ್ಮ ಆಡಿದ್ದೆಲ್ಲ ಕನ್ನಡ. ಮಗುವನ್ನು ಕರೆಯುತ್ತಿದ್ದದ್ದು ‘ಪಾಪು’ ಎಂದು. ಮಗು ‘ಅಕ್ಕಾ’ ಎನ್ನುತ್ತಾ ಸೆರಗು ಹಿಡಿದು ಅಡುಗೆಮನೆ ತುಂಬ ಓಡಾಡುತ್ತಿತ್ತು. ಒಗ್ಗರಣೆ ಸಿಡಿದರೆ ‘ಅಕ್ಕಾ, ಸಾಸಿವೆ ಬೈತಾ ಇದೆ’ ಎನ್ನುವಷ್ಟು ಮಾತು ಕಲಿತಿತ್ತು. ಅಪ್ಪ ಅಮ್ಮನಿಗೆ ಅದು ಅರ್ಥವಾಗುತ್ತಿರಲಿಲ್ಲ. ಅಡುಗೆಮನೆಯ ಗದ್ದಲದಲ್ಲಿ ಅವರು ಕಿವಿಗೊಟ್ಟವರೂ ಅಲ್ಲ.

ಎರಡು ಸಾವಿರದ ಇಸವಿಯಲ್ಲಿ, ನೋರಾಳಿಗೆ ಮೂರಾದಾಗ, ಗ್ರಹಾಂ ಅವರ ತಾಯಿ ಡೋರಿಸ್ ಮೊಮ್ಮಗಳನ್ನು ನೋಡಲು ಬಂದರು. ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಂದ ಮರುದಿನ ತಿಂಡಿಯ ಹೊತ್ತಿಗೆ ನೋರಾ ತಟ್ಟೆ ದೂಡಿ, “ಗ್ರ್ಯಾನಿ, ಟೋಸ್ಟ್ ನಾಟ್ ವಾಂಟಿಂಗ್. ಯು ಟೇಕ್. ಐ ಆಮ್ ಗೋಯಿಂಗ್ ಔಟ್‌ಸೈಡ್ ಓನ್ಲಿ” ಎಂದಳು.

ಡೋರಿಸ್ ಮಗುವನ್ನು ನೋಡಿದರು. ಆಮೇಲೆ ಚಟ್ನಿ ಬಡಿಸುತ್ತಿದ್ದ ಯಶೋದಮ್ಮನನ್ನು ನೋಡಿದರು. ಅಂದೇ ಮಧ್ಯಾಹ್ನ ಸೊಸೆಯ ಎದುರಿನಲ್ಲಿ ಯಶೋದಮ್ಮನನ್ನು ಕರೆದು, ಒಂದೊಂದೇ ಮಾತನ್ನು ಬಿಡಿಸಿ, ನೀನು ನೋರಾಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತೀಯಾ ಎಂದು ಕೇಳಿದರು.

ಯಶೋದಮ್ಮನಿಗೆ ಪ್ರಶ್ನೆ ಚೆನ್ನಾಗಿಯೇ ಅರ್ಥವಾಯಿತು. ಕೆಲಸಕ್ಕೆ ಸೇರುವಾಗ ಹೆಲೆನ್ ಕೇಳಿದ್ದೂ ಇದನ್ನೇ. ಊರಿನಿಂದ ಬಂದ ದೊಡ್ಡಮ್ಮ ತನ್ನ ಕೆಲಸವನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು, ನೆಟ್ಟಗೆ ನಿಂತು, “ಯೆಸ್ ಮೇಡಂ. ಡೈಲಿ ಸ್ಪೀಕಿಂಗ್” ಎಂದರು.

ತೀರ್ಪು ಅಲ್ಲಿಯೇ ಆಯಿತು. ನಾನು ಇಲ್ಲಿರುವ ತನಕ ಮಗುವಿನ ಜೊತೆ ಈಕೆ ಮಾತಾಡಕೂಡದು, ಯಾವ ಭಾಷೆಯಲ್ಲೂ ಬೇಡ, ಮಗುವಿನ ನಾಲಿಗೆಯನ್ನು ನಾನು ತಿದ್ದುತ್ತೇನೆ ಎಂದರು ಡೋರಿಸ್. ತಿದ್ದಿದ ಮೇಲೆ ಈಕೆಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಯೋಚಿಸಿ ಎಂದು ಸೊಸೆಗೆ ಹೇಳಿದರು. ಹೆಲೆನ್ ಅದನ್ನು ಯಶೋದಮ್ಮನಿಗೆ ಮುಟ್ಟಿಸಿದ್ದು ಹೀಗೆ: “ಯಶೋದಾ, ಬೇಬಿ ನೋ ಟಾಕಿಂಗ್. ಕುಕಿಂಗ್ ಓನ್ಲಿ. ಆಫ್ಟರ್, ವಿ ವಿಲ್ ಸೀ.”

ಮೊದಲ ದಿನಗಳಲ್ಲಿ ನೋರಾ ಎಂದಿನಂತೆ ಅಡುಗೆಮನೆಗೆ ಬಂದು ‘ಅಕ್ಕಾ’ ಎಂದಳು. ಯಶೋದಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಮಗು ಅದೊಂದು ಆಟವೆಂದುಕೊಂಡು ತಾನೂ ಬೆರಳಿಟ್ಟುಕೊಂಡಿತು, ನಕ್ಕಿತು, ಕಾಯಿತು. ಆಟ ಮುಗಿಯಲಿಲ್ಲ. ಆಮೇಲೆ ಬಾಗಿಲವರೆಗೆ ಮಾತ್ರ ಬರತೊಡಗಿತು. ಒಂದು ಸಂಜೆ ಹೊಸ್ತಿಲ ಆಚೆಯೇ ನಿಂತು, ಅಪ್ಪನ ದನಿಯಲ್ಲಿ, “ಯಶೋದಾ, ವಾಟರ್ ಬ್ರಿಂಗ್. ಫಾಸ್ಟ್” ಎಂದಿತು. ಯಶೋದಮ್ಮ ನೀರು ಕೊಟ್ಟರು. ಮಗು ಕುಡಿದು ಲೋಟವನ್ನು ನೆಲದ ಮೇಲಿಟ್ಟು ಹೋಯಿತು.

“ಅಕ್ಕಾ ಅಂತಿದ್ದ ಬಾಯಿ,” ಎಂದು ಅವರು ಶೌಕತ್ ಹತ್ತಿರ ಹೇಳಿಕೊಂಡರು. ಶೌಕತ್ ಶೆಡ್ಡಿನಲ್ಲಿ ಕಾರು ಒರೆಸುತ್ತಿದ್ದರು.

“ಹೇಳ್ಬಿಡಕ್ಕಾ, ನಾನು ಪಾಪು ಹತ್ರ ಇಂಗ್ಲಿಷೇ ಮಾತಾಡಲ್ಲ ಅಂತ.”

“ಹೇಳಿದ್ರೆ? ಸೇರೋವಾಗ ಹೇಳಿದ್ದು ಸುಳ್ಳು ಅಂತಾಗಲ್ವಾ? ಈ ಮೇಡಂ ಆ ಮೇಡಂಗೆ ಫೋನ್ ಮಾಡ್ತಾರೆ. ಆಮೇಲೆ ಯಾವ ಮನೆಯೋರು ಒಳಗೆ ಬಿಟ್ಕೋತಾರೆ ನನ್ನ?”

“ಸುಳ್ಳು ಹೇಳದೇ ಇರೋರು ಈ ರೋಡಲ್ಲಿ ಯಾರಿದಾರೆ ಅಕ್ಕಾ? ನಾನು ಊಟಿ ರೋಡ್ ಗೊತ್ತು ಅಂತ ಸೇರಿದೋನು. ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿದ್ರೆ ದಿಕ್ಕೇ ತಿಳೀತಿರಲಿಲ್ಲ ನಂಗೆ.”

ಯಶೋದಮ್ಮ ನಗಲಿಲ್ಲ. ಶೌಕತ್ ಬಟ್ಟೆ ಹಿಂಡಿ ಹತ್ತಿರ ಬಂದರು. “ಇಲ್ಲಿ ಕೇಳು. ಪಾಪೂದು ನಿನ್ನ ಇಂಗ್ಲಿಷ್ ಅಲ್ಲ, ಸಾಹೇಬ್ರದ್ದು. ಗಾಡೀಲಿ ಅವರ ಫ್ಯಾಕ್ಟರಿ ಕೀತ್ ಸಾಹೇಬ್ರ ಜೊತೆ ಇವರು ಮಾತಾಡೋದು ಕೇಳ್ಬೇಕು ನೀನು. ಇಬ್ರೂ ಗೋರಾ, ಬಿಳೀ ಜನ. ಕಣ್ಮುಚ್ಕೊಂಡು ಕೇಳಿದ್ರೆ ಹಿಂದಗಡೆ ಯಾರೋ ನಮ್ಮ ಶಿವಾಜಿನಗರದೋರು ಕೂತವ್ರೆ ಅನ್ಸತ್ತೆ.”

“ಹಂಗಾದ್ರೆ ನೀನೇ ಹೋಗಿ ಹೇಳು ಅವರಮ್ಮಂಗೆ.”

“ನಕ್ಕೋ, ಬೇಡ ಅಕ್ಕಾ. ನಂಗೂ ಹೆಂಡ್ತಿ ಮಕ್ಕಳಿದಾರೆ.”

ಮನೆಯಲ್ಲಿ ರಾಮಾಂಜಿನಪ್ಪ ಬೇರೆ ಮಾತು ಹೇಳಿದರು. “ಬಿಟ್ಟು ಬಾ. ಅಂಗಡೀಲಿ ಕೂತ್ಕೋ. ಬದನೆಕಾಯಿ ನಿನ್ನ ಭಾಷೆ ಕೇಳಲ್ಲ.” ಯಶೋದಮ್ಮನಿಗೆ ಬಿಡುವುದು ಕಷ್ಟವಿರಲಿಲ್ಲ. ಆದರೆ ಬಿಟ್ಟರೆ, ಅಕ್ಕ ತನ್ನ ಮೇಲೆ ಮುನಿಸಿಕೊಂಡು ಹೋದಳೆಂದೇ ಮಗು ತಿಳಿಯುತ್ತದೆ. ಅದೊಂದೇ ಅವರನ್ನು ಹಿಡಿದು ನಿಲ್ಲಿಸಿತ್ತು.

ಡೋರಿಸ್ ಹೊರಡುವುದಕ್ಕೆ ಮೊದಲಿನ ಭಾನುವಾರ ಕೀತ್ ಊಟಕ್ಕೆ ಬಂದರು. ಗ್ರಹಾಂ ಅವರ ಕಾರ್ಖಾನೆಯಲ್ಲೇ ಕೆಲಸ, ಹುಟ್ಟೂರು ಡೋರಿಸ್ ಅವರ ಊರಿಗೆ ಹತ್ತಿರದ್ದೇ. ಊಟದ ನಡುವೆ ಕರೆಂಟು ಹೋಯಿತು.

“ಪವರ್ ಗಾನ್?” ಎಂದರು ಕೀತ್.

“ಗೋಯಿಂಗ್, ಕಮಿಂಗ್. ವಾಟ್ ಟು ಡೂ,” ಎಂದರು ಗ್ರಹಾಂ.

“ಜನರೇಟರ್ ಈಸ್ ದೇರ್, ನೋ?”

“ಜನರೇಟರ್ ಈಸ್ ದೇರ್. ಡೀಸೆಲ್ ನಾಟ್ ದೇರ್.”

“ಡ್ರೈವರ್ ವಿಲ್ ಬ್ರಿಂಗ್. ಒನ್ ಕ್ಯಾನ್. ಫೈವ್ ಮಿನಿಟ್ಸ್ ಓನ್ಲಿ.”

ಇವರು ತಮಾಷೆಗೆ ಹೀಗೆ ಆಡುತ್ತಿದ್ದಾರೆ ಎಂದುಕೊಂಡು ಡೋರಿಸ್ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ಕೀತ್ ಕೋಳಿಯ ತುಂಡನ್ನು ಬಿಡಿಸುತ್ತಾ ಡೀಸೆಲ್ ಬಂಕಿನ ಬಗ್ಗೆ ಮುಂದುವರಿಸಿದರು. ಹೆಲೆನ್ ಮಗಳ ಕಡೆ ತಿರುಗಿ, “ನೋರಾ, ಫಿನಿಶ್ ಫಸ್ಟ್. ದೆನ್ ಪುಡಿಂಗ್” ಎಂದರು. ನೋರಾ ಅಪ್ಪನಂತೆಯೇ ಎರಡೂ ಅಂಗೈಗಳನ್ನು ಮೇಲಕ್ಕೆ ತಿರುಗಿಸಿ, “ವಾಟ್ ಟು ಡೂ. ಸ್ಟಮಕ್ ಈಸ್ ಫುಲ್” ಎಂದಳು.

ಡೋರಿಸ್ ಫೋರ್ಕನ್ನು ಕೆಳಗಿಟ್ಟರು. ಯಾವಾಗಿನಿಂದ ಹೀಗೆ ಮಾತಾಡುತ್ತಿದ್ದೀಯ ಎಂದು ಮಗನನ್ನು ಕೇಳಿದರು.

“ಹೇಗೆ?” ಎಂದರು ಗ್ರಹಾಂ. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಅವರ ಮುಖ ಕೆಂಪಾಯಿತು. ಕೀತ್ ನೀರು ಕುಡಿದರು. ಆಮೇಲೆ ಊಟ ಮುಗಿಯುವವರೆಗೆ ಎಲ್ಲರೂ ಒಂದೊಂದು ಮಾತನ್ನೂ ತೂಗಿ ಆಡಿದರು. ಆಡಿದ ನಾಲ್ಕು ಮಾತುಗಳೂ ತಡವರಿಸಿದವು. ಇದನ್ನೆಲ್ಲ ಯಶೋದಮ್ಮ ಕಂಡದ್ದು ಅನ್ನದ ಪಾತ್ರೆ ಹಿಡಿದು ಗೋಡೆಯ ಪಕ್ಕ ನಿಂತುಕೊಂಡು.

ಸಂಜೆ ಡೋರಿಸ್ ಅಡುಗೆಮನೆಗೆ ಬಂದರು. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು: ನೋರಾಳ ಜೊತೆ ನೀನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆಯಾ?

ಯೆಸ್ ಮೇಡಂ ಎಂದಿದ್ದರೆ ಸುಳ್ಳು ಹೇಳಿದವಳೆಂಬ ಹೆಸರು ತಪ್ಪುತ್ತಿತ್ತು, ಮಗು ಕೈಬಿಟ್ಟು ಹೋಗುತ್ತಿತ್ತು. ಯಶೋದಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡರು.

“ಕನ್ನಡ, ಮೇಡಂ. ಓನ್ಲಿ ಕನ್ನಡ.”

“ಆದರೆ ಅಂದು ಹೌದು ಅಂದೆಯಲ್ಲ?”

“ಆಲ್ ಪೀಪಲ್ ಸೇಯಿಂಗ್ ಯೆಸ್, ಮೇಡಂ. ಫಾರ್ ಜಾಬ್.”

ಡೋರಿಸ್ ಬಾಗಿಲ ಕಡೆ ತಿರುಗಿದರು. ಮೊಮ್ಮಗಳನ್ನು ಕೂಗಿ ಕರೆದರು. ಯಶೋದಮ್ಮನಿಗೆ ಕೈ ಮಾಡಿ, “ಟಾಕ್. ಬೇಬಿ. ಟಾಕ್” ಎಂದರು. ಅವರ ಬಾಯಲ್ಲೂ ಮಾತು ಮೋಟಾಗಿಯೇ ಬಂತು.

ನೋರಾ ಹೊಸ್ತಿಲ ಆಚೆ ನಿಂತಿದ್ದಳು. ಯಶೋದಮ್ಮ ಕುಕ್ಕರುಗಾಲಿನಲ್ಲಿ ಕೂತರು.

“ಪಾಪು, ಬಾರಮ್ಮ. ಕೋಪಾನಾ ನನ್ಮೇಲೆ?”

ಮಗು ಅಜ್ಜಿಯನ್ನು ನೋಡಿತು, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯಿತು. ಆಮೇಲೆ, “ನಾನು ಅಕ್ಕಾ ಅಕ್ಕಾ ಅಂತ ಎಷ್ಟು ಸಲ ಕರೆದೆ, ನೀನೇ ಮಾತಾಡ್ಲಿಲ್ಲ. ನಾನೇನ್ ಮಾಡಿದ್ದೆ ನಿಂಗೆ?” ಎಂದಿತು. ಒಂದೇ ಉಸಿರಿನಲ್ಲಿ, ಎಲ್ಲಿಯೂ ಮುರಿಯದೆ.

ಏನು ಹೇಳುತ್ತಿದ್ದಾಳೆ ಎಂದು ಡೋರಿಸ್ ಕೇಳಿದರು. ಯಶೋದಮ್ಮ ಇಂಗ್ಲಿಷಿಗಾಗಿ ಹುಡುಕಾಡಿದರು. “ಬೇಬಿ ಈಸ್ ಆಂಗ್ರಿ, ಮೇಡಂ.”

ಅಷ್ಟೇನಾ ಎಂದರು ಡೋರಿಸ್. ಅಷ್ಟೇ ಎಂದರು ಯಶೋದಮ್ಮ. ಮಗು ಆಗಲೇ ಹೊಸ್ತಿಲು ದಾಟಿ ಒಳಗೆ ಬಂದಾಗಿತ್ತು.

ಮರುದಿನ ಹೆಲೆನ್ ಅವರಿಂದ ಒಂದು ಮಾತು ಕೇಳಬೇಕಾಯಿತು: ಸೇರುವಾಗ ನನ್ನ ಹತ್ತಿರ ಸುಳ್ಳು ಹೇಳಿದೆ. ಯಶೋದಮ್ಮ ಹೌದೆಂದು ತಲೆ ತಗ್ಗಿಸಿದರು. ಕೆಲಸ ಹೋಗಲಿಲ್ಲ. ಡೋರಿಸ್ ಊರಿಗೆ ಮರಳಿದರು. ಗ್ರಹಾಂ ಕೆಲವು ದಿನ ಮನೆಯಲ್ಲಿ ಉದ್ದುದ್ದ ವಾಕ್ಯ ಆಡಿದರು. ಮಳೆಗಾಲದ ಹೊತ್ತಿಗೆ ಮತ್ತೆ ಮೋಟಾದವು. ಒಂದೆರಡು ವರ್ಷದ ನಂತರ ಕಾರ್ಖಾನೆಯ ಕೆಲಸ ಮುಗಿದು ಆ ಕುಟುಂಬವೂ ಇಂಗ್ಲೆಂಡಿಗೆ ಹೋಯಿತು.

ಯಶೋದಮ್ಮ ಹೊಸ ಮನೆ ಹುಡುಕತೊಡಗಿದರು. ಮಗುವಿನ ಜೊತೆ ಇಂಗ್ಲಿಷ್ ಮಾತಾಡುತ್ತೀಯಾ ಎಂಬ ಪ್ರಶ್ನೆಗೆ ಈಗ ಅವರು ಇಲ್ಲ ಎನ್ನುತ್ತಿದ್ದರು. ಇಬ್ಬರು ವಿದೇಶಿಯರು ನಗುತ್ತಲೇ ಬೇಡವೆಂದರು. ಮೂರನೆಯ ಮನೆ ಕೃಷ್ಣರಾಜಪುರದ ಒಂದು ಹೊಸ ಅಪಾರ್ಟ್‌ಮೆಂಟಿನಲ್ಲಿ. ಕಲಬುರಗಿಯಿಂದ ಬಂದ ಪ್ರತಿಭಾ, ಗಂಡ ಹೆಂಡತಿ ಇಬ್ಬರಿಗೂ ಆಫೀಸು. ಮಗಳು ಶ್ರೇಯಾ ಮೂರು ದಾಟಿದವಳು. ಕನ್ನಡದವರ ಮನೆ, ಈ ಪ್ರಶ್ನೆ ಬರಲಿಕ್ಕಿಲ್ಲ ಎಂದು ಯಶೋದಮ್ಮ ಹಗುರವಾಗಿ ಕೂತಿದ್ದರು.

“ಶ್ರೇಯಾ, ಕಮ್ ಹಿಯರ್. ಆಂಟಿ ಕೇಮ್. ಸೇ ಹಲೋ,” ಎಂದು ಮಗಳನ್ನು ಕರೆದ ಪ್ರತಿಭಾ ಯಶೋದಮ್ಮನ ಕಡೆ ತಿರುಗಿದರು. “ಕೂಸಿನ ಜೋಡಿ ಇಂಗ್ಲಿಷಿನ್ಯಾಗ ಮಾತಾಡ್ತೀರೇನ್ರಿ? ನಾವೂ ಮನ್ಯಾಗ ಇಂಗ್ಲಿಷೇ ಮಾತಾಡ್ತೀವಿ ನೋಡ್ರಿ. ಸಾಲಿ ಇಂಟರ್‌ವ್ಯೂ ಅದ.”

“ಇಲ್ಲಮ್ಮ. ನನ್ನ ಬಾಯಿಗೆ ಬರೋದು ಕನ್ನಡಾನೇ. ದೊಡ್ಡೋರ ಹತ್ರ ಎರಡು ಮಾತು ಇಂಗ್ಲಿಷ್ ಆಡ್ತೀನಿ, ಮಕ್ಕಳ ಹತ್ರ ಆಗಲ್ಲ.”

“ಬರಾಂಗಿಲ್ಲಂದ್ರ ಏನಾತ್ರಿ, ಯೆಸ್, ನೋ, ಕಮ್, ಗೋ, ಅಷ್ಟು ಅಂದ್ರೂ ಸಾಕು. ನಮಗರ ಎಲ್ಲಿ ಪೂರಾ ಬರ್ತದ?”

ಶ್ರೇಯಾ ಸೋಫಾದ ಹಿಂದಿನಿಂದ ನೋಡುತ್ತಿದ್ದಳು. ಒಪ್ಪಿಕೊಂಡಿದ್ದರೆ ಅಂದೇ ಕೆಲಸ ಸಿಗುತ್ತಿತ್ತು. ಯಶೋದಮ್ಮ ಎದ್ದು ಸೆರಗು ಸರಿಮಾಡಿಕೊಂಡರು.

“ಬೇಡಮ್ಮ. ಒಂದು ಸಲ ಹೂಂ ಅಂದು, ಮಗು ಕರೆದ್ರೂ ಬಾಯಿ ಕಟ್ಕೊಂಡು ಕೂತಿದ್ದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ.”

ಈಗ ಅವರು ಹಲಸೂರು ಮಾರ್ಕೆಟ್ಟಿನ ಅಂಗಡಿಯಲ್ಲಿ ಗಂಡನ ಪಕ್ಕ ಕೂರುತ್ತಾರೆ. ತಾಯಂದಿರ ಜೊತೆ ಬರುವ ಮಕ್ಕಳ ಕೈಗೆ ಒಂದು ಎಳೆ ಬೆಂಡೆಕಾಯಿ ಕೊಟ್ಟು ಮಾತಿಗೆಳೆಯುತ್ತಾರೆ. ಉತ್ತರ ಇಂಗ್ಲಿಷಿನಲ್ಲಿ ಬಂದರೂ ಕನ್ನಡದಲ್ಲೇ ಮುಂದುವರಿಸುತ್ತಾರೆ, ತಾಯಿ ಕೈ ಹಿಡಿದು ಎಳೆಯುವ ತನಕ.