ಕೊಲೆಗಾರ ಸಿಕ್ಕ ಮೇಲಿನ ಚಹಾ

ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ನಾನು ಮತ್ತು ಅವ್ವ ಜೊತೆಯಾಗಿ ನೋಡಿದ ಒಂದೇ ಜಾತಿಯ ಸಿನಿಮಾಗಳ ಲೆಕ್ಕ ಅದರಲ್ಲಿದೆ. ಹಳೆಯ ಕಾಲದ ಭೂತಬಂಗಲೆ, ಅದರಲ್ಲಿ ಸಾಲು ಕೊಲೆ, ಕೊನೆಗೆ ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸಿ ಬೆರಳು ತೋರಿಸುವ ಪತ್ತೇದಾರ. ಇಂಥ ಸಿನಿಮಾಗಳನ್ನು ಅಣಕಿಸುವ ನಗೆಸಿನಿಮಾಗಳು ಅವು. ನಿಜವಾದ ದೆವ್ವದ ಸಿನಿಮಾ ಹಚ್ಚಿದರೆ ಅವ್ವ ಸೆರಗು ಮುಖಕ್ಕೆ ಮುಚ್ಚಿಕೊಳ್ಳುತ್ತಿದ್ದಳು. ದೆವ್ವಕ್ಕೆ ನೆಗಡಿಯಾಗಿ ಸೀನುವ ಸಿನಿಮಾ ಆದರೆ ದಿವಾನದ ಮೇಲೆ ಕಾಲು ಮಡಚಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು.

ನೋಟ್‌ಬುಕ್ಕಿನಲ್ಲಿ ಒಂದು ಸಿನಿಮಾಕ್ಕೆ ಒಂದು ಸಾಲು. ಎಷ್ಟು ಹೆಣ, ಎಷ್ಟು ಕಳ್ಳಬಾಗಿಲು, ದೀಪ ಎಷ್ಟು ಸಲ ಆರಿತು, ಅವ್ವನ ಊಹೆ, ನನ್ನ ಊಹೆ, ಫಲಿತಾಂಶ. ಒಟ್ಟು ನಲವತ್ತು ಸಾಲು ತುಂಬಿದ್ದವು. ಅವ್ವನ ಊಹೆ ಸರಿಯಾದದ್ದು ಒಂಬತ್ತು, ನನ್ನದು ಹದಿನಾಲ್ಕು.

ಅವ್ವ ಸೋಲುವುದಕ್ಕೆ ಒಂದು ಕಾರಣವಿತ್ತು. ಅಡಿಗೆಯವಳ ಮೇಲೆ ಅವಳು ಎಂದೂ ಸಂಶಯಪಡುತ್ತಿರಲಿಲ್ಲ.

“ಹನ್ನೆರಡು ಮಂದಿಗೆ ಅಡಗಿ ಮಾಡಾಕಿ ಕೊಲೆ ಯಾವಾಗ ಮಾಡ್ಬೇಕು? ಆಕಿಗೆ ಪುರುಸೊತ್ತರ ಎಲ್ಲೈತಿ?”

“ಅವ್ವಾ, ಪಿಚ್ಚರ್ ಹೈ. ಪಿಚ್ಚರ್ ಮೇ ಪುರುಸೊತ್ತು ಇರ್ತದ.”

“ಪಿಚ್ಚರ್ ಆದ್ರೇನು, ಭಾಂಡೆ ತೊಳಿಯೋದು ತಪ್ಪತೈತೇನು?”

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಒಂದು ರೂಮು, ಒಂದು ಅಡಿಗೆಮನೆ. ಅಪ್ಪ ಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ನಾನು ಭಿವಂಡಿಯ ಗೋದಾಮಿನಲ್ಲಿ ಸ್ಟಾಕ್ ಎಣಿಸುವ ಕೆಲಸ ಮಾಡುತ್ತೇನೆ. ಸಂಜೆ ಆರೂವರೆಗೆ ನಲ್ಲಿಯಲ್ಲಿ ನೀರು ಬರುವುದರಿಂದ ಒಂದು ಸಿನಿಮಾವನ್ನು ಒಂದೇ ಸಲಕ್ಕೆ ನೋಡಲು ನಮಗೆ ಆಗುತ್ತಿರಲಿಲ್ಲ. ನೀರು ಬಂದಾಗ ನಿಲ್ಲಿಸಿ, ಎಷ್ಟನೇ ನಿಮಿಷ ಎಂದು ಬರೆದಿಡುತ್ತಿದ್ದೆ. ಉಳಿದದ್ದು ಮುಂದಿನ ರಜೆಗೆ. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ನೋಡಬಾರದು ಎಂಬುದು ನಿಯಮ. ಕೊಲೆಗಾರ ಸಿಕ್ಕ ಕೂಡಲೇ ಅವ್ವ ಟಿವಿ ನಿಲ್ಲಿಸಿ ಚಹಾಕ್ಕೆ ನೀರು ಇಡಲು ಏಳುತ್ತಿದ್ದಳು. ಸಿಕ್ಕ ಮೇಲೆ ನೋಡುವುದೇನಿದೆ ಎನ್ನುತ್ತಿದ್ದಳು. ನಲವತ್ತು ಸಿನಿಮಾಗಳಲ್ಲಿ ಒಂದರ ಕೊನೆಯನ್ನೂ ಅವಳು ನೋಡಿಲ್ಲ.

ನಲವತ್ತೊಂದನೆಯದನ್ನು ಒಂದು ಭಾನುವಾರ ಸಂಜೆ ಶುರುಮಾಡಿದೆವು. ಮುದುಕ ಜಮೀನುದಾರನ ಉಯಿಲು ಓದಲು ಏಳು ಮಂದಿ ಬಂಗಲೆಗೆ ಬರುತ್ತಾರೆ. ಪತ್ತೇದಾರ ಯಾವ ಗೋಡೆಗೆ ಒರಗಿದರೂ ಅಲ್ಲೊಂದು ಕಳ್ಳಬಾಗಿಲು ತೆರೆದು ಅವನು ಮಾಯವಾಗುತ್ತಾನೆ. ನಲವತ್ತೊಂದನೇ ನಿಮಿಷಕ್ಕೆ ನೀರು ಬಂತು. ಸಾಲಿನ ಸಂಖ್ಯೆಯೂ ಅದೇ ಎಂದು ಅವ್ವನಿಗೆ ತೋರಿಸಿದೆ. ಅವಳ ಊಹೆ ವಕೀಲ, ನನ್ನದು ಸೋದರಳಿಯ.

ಸೋಮವಾರ ಅವಳು ಕಲ್ಯಾಣದಲ್ಲಿರುವ ಅತ್ತಿಯ ಮನೆಗೆ ಹೋಗಿ ರಾತ್ರಿ ಊಟಕ್ಕೆ ಬಂದಳು. ಅತ್ತಿ ಎಂದರೆ ಅಪ್ಪನ ಅಕ್ಕ. ಮಂಗಳವಾರ ಅವ್ವ ತೀರಿಕೊಂಡಳು.

ಆ ದಿನದ ನನ್ನ ಡೈರಿ ಹೀಗಿದೆ. ೧.೧೦, ಅವ್ವನ ಫೋನ್, ಎರಡು ನಿಮಿಷ. ‘ಉಂಡ್ಯಾ?’ ಎಂದಳು. ‘ಹಾಂ, ಖಾ ಲಿಯಾ’ ಎಂದೆ. ೬.೫೦, ಪಕ್ಕದ ಮನೆ ಆಂಟಿಯ ಫೋನ್. ೮.೧೫, ಮನೆ. ನಡುವಿನ ಐದು ಗಂಟೆ ನಲವತ್ತು ನಿಮಿಷದ ಜಾಗ ಖಾಲಿ.

ಆಂಟಿ ಉಡುಪಿಯವರು, ಅವರ ಯಜಮಾನರಿಗೆ ಥಾಣೆಯಲ್ಲಿ ಹೋಟೆಲಿದೆ. ನಮ್ಮ ಮನೆಯ ಒಂದು ಕೀಲಿ ಅವರ ಹತ್ತಿರ ಇರುತ್ತದೆ. ನೀರು ಬಂದರೂ ನಮ್ಮ ನಲ್ಲಿ ತಿರುಗಿಸಿದ ಸದ್ದು ಕೇಳದೆ, ಬಾಗಿಲು ತಟ್ಟಿ, ಕೊನೆಗೆ ತೆರೆದು ನೋಡಿದರು. ಅವ್ವ ಅಡಿಗೆಕಟ್ಟೆಯ ಮುಂದೆ ಬಿದ್ದಿದ್ದಳು. ಒಲೆಯ ಮೇಲೆ ಪಾತ್ರೆಯಲ್ಲಿ ಒಂದು ಕಪ್ಪಿನಷ್ಟು ನೀರಿತ್ತು, ಗ್ಯಾಸ್ ಹಚ್ಚಿರಲಿಲ್ಲ. ಲೈಟರ್ ನೆಲದ ಮೇಲಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು.

ಅತ್ತಿ ಬಂದು ಮೊದಲು ಮಾಡಿದ ಕೆಲಸ ಟಿವಿಯ ಮೇಲೆ ಬಿಳಿ ಚಾದರ ಹೊದಿಸಿದ್ದು.

“ಹದಿಮೂರು ದಿನ ಯಾರೂ ಇದನ್ನ ಹಚ್ಚಬ್ಯಾಡ್ರಿ. ಸೂತಕದ ಮನಿ ಇದು.”

ಬಂಗಲೆ ಸಿನಿಮಾಗಳಲ್ಲಿ ಕುರ್ಚಿ ಮೇಜುಗಳಿಗೆ ಹೀಗೇ ಬಿಳಿ ಬಟ್ಟೆ ಹೊದಿಸಿರುತ್ತಾರೆ. ಅದು ನನಗೆ ಹೊಳೆಯಿತು, ಬರೆದೆ. ಅಳು ಬರಲಿಲ್ಲ. ಅದನ್ನೂ ಬರೆದೆ.

ಹದಿಮೂರು ದಿನಗಳಲ್ಲಿ ಮಾತಾಡಿಸಲು ಬಂದವರು ಎಂಬತ್ತಾರು ಮಂದಿ. ಅವರಲ್ಲಿ ಇಪ್ಪತ್ತೇಳು ಮಂದಿ ಕೇಳಿದ್ದು ಒಂದೇ ಪ್ರಶ್ನೆ. ವಾಶಿಯಿಂದ ಬಂದ ದೂರದ ದೊಡ್ಡವ್ವ ನನ್ನ ಕೈ ಹಿಡಿದು ಕೇಳಿದಳು:

“ಒಬ್ಬಾಕಿನ ಇದ್ದಳಲ್ಲವಾ ತಂಗಿ? ಎಷ್ಟೊತ್ತು ನರಳಿದ್ಲೋ ಏನೋ. ನಿನ್ನ ಕರದ್ಲೋ ಏನೋ.”

“ಗೊತ್ತಿಲ್ಲ ದೊಡ್ಡವ್ವಾ” ಎಂದೆ. ಇಪ್ಪತ್ತೇಳು ಸಲ ಅದನ್ನೇ ಹೇಳಿದೆ. ಎಲ್ಲರೂ ಹೋದ ಮೇಲೆ ಡೈರಿಯ ಆ ಖಾಲಿ ಜಾಗ ತೆರೆದು ನೋಡುತ್ತಿದ್ದೆ. ಒಂದೂವರೆಗೆ ಬಿದ್ದಳೋ, ಮೂರಕ್ಕೋ, ಐದಕ್ಕೋ. ನಾನು ಪೆಟ್ಟಿಗೆ ಎಣಿಸುತ್ತಿದ್ದಾಗ ಅವಳು ನೆಲದ ಮೇಲೆ ಎಷ್ಟು ಹೊತ್ತು ಇದ್ದಳೋ. ಕೇಳಲು ಯಾರೂ ಇರಲಿಲ್ಲ.

ಹದಿನಾಲ್ಕನೇ ದಿನ ಅತ್ತಿ ಸಜ್ಜಕ ಮಾಡಿ ಎಲ್ಲರ ಬಾಯಿಗೂ ಸಿಹಿ ಹಾಕಿದಳು. ಊಟವಾದ ಮೇಲೆ ಚಾದರ ತೆಗೆದು ಮಡಚಿದಳು.

“ಹಚ್ಚು ಒಮ್ಮಿ, ಶಾಸ್ತ್ರಕ್ಕ. ಮನಿ ಮೂಕ ಆಗೇತಿ.”

ಹಚ್ಚಿದೆ. ಅರ್ಧ ನೋಡಿದ ಸಿನಿಮಾದ ಚಿತ್ರ ಮೊದಲು ಬಂತು. ಅದರ ಕೆಳಗೆ, ಎಷ್ಟು ನೋಡಿದ್ದೇವೆ ಎಂದು ತೋರಿಸುವ ಕೆಂಪು ಗೆರೆ. ಅದು ನಡುವಿನಲ್ಲಿ ಇರಬೇಕಿತ್ತು. ಕೊನೆಯ ಹತ್ತಿರ ಇತ್ತು.

ನೋಟ್‌ಬುಕ್ ತಂದು ನೋಡಿದೆ. ಭಾನುವಾರ, ನಲವತ್ತೊಂದನೇ ನಿಮಿಷ. ಟಿವಿಯ ಪ್ರಕಾರ ಎಂಬತ್ತೆಂಟು. ಐದೂವರೆ ನಿಮಿಷ ಮಾತ್ರ ಬಾಕಿ. ಅಪ್ಪನಿಗೆ ಈ ರಿಮೋಟ್ ಬಳಸಲು ಬರುವುದಿಲ್ಲ. ಸೋಮವಾರ ಹಗಲಿಡೀ ಮನೆಗೆ ಬೀಗ ಇತ್ತು, ಎರಡೂ ರಾತ್ರಿ ನಾವು ಮೂವರೂ ಒಂದೇ ರೂಮಿನಲ್ಲಿದ್ದೆವು. ಉಳಿದದ್ದು ಮಂಗಳವಾರ ಮಧ್ಯಾಹ್ನ.

ಅವಳು ನಿಯಮ ಮುರಿದಿದ್ದಳು. ನನಗೆ ಸಿಟ್ಟು ಬಂತು. ಹದಿಮೂರು ದಿನಗಳಲ್ಲಿ ಏನಾದರೂ ಬಂದದ್ದು ಅದೇ ಮೊದಲು.

ಪಕ್ಕದ ಮನೆಗೆ ಹೋದೆ. ಆಂಟಿ ಇಡ್ಲಿಯ ಅಕ್ಕಿ ಆರಿಸುತ್ತಿದ್ದರು.

“ಆಂಟಿ, ಆ ಮಂಗಳವಾರ ಮಧ್ಯಾಹ್ನ ನಮ್ಮ ಮನ್ಯಾಗ ಟಿವಿ ಹಚ್ಚಿತ್ತೇನ್ರಿ?”

ಆಂಟಿ ಮೊರವನ್ನು ಪಕ್ಕಕ್ಕಿಟ್ಟರು.

“ಇತ್ತು ಮಾರಾಯ್ತಿ. ಮೂರು ಗಂಟೆ ಹೊತ್ತಿಗೆ. ನಿನ್ನಮ್ಮ ನಗುದು ಗೋಡೆ ದಾಟಿ ಬರ್ತಿತ್ತು. ನಿಂಗೆ ರಜೆ ಇರ್ಬೇಕು, ಇಬ್ರೂ ಕೂತಿದ್ದಾರೆ ಅಂತ ಎಣಿಸಿದೆ. ಆಮೇಲೆ ಟಿವಿ ನಿಂತಿತು.”

“ಆಮ್ಯಾಲ?”

“ಮತ್ತೆ ಎಂತದೂ ಇಲ್ಲ. ಒಂದು ಶಬ್ದ ಇಲ್ಲ. ಕರೆದಿದ್ರೆ ನಂಗೆ ಕೇಳ್ತಿತ್ತು, ನಾನು ಇಲ್ಲೇ ಇದ್ದೆ ಅಲ್ವಾ.”

“ಹದಿಮೂರು ದಿನ ಯಾಕ ಹೇಳ್ಲಿಲ್ರಿ ಇದನ್ನ?”

“ಹೇಗೆ ಹೇಳುದು? ಸೂತಕದ ಮನೆಗೆ ಬಂದು, ಹೋದವರು ನಗ್ತಾ ಇದ್ರು ಅಂತ ಹೇಳ್ಲಿಕ್ಕೆ ಆಗ್ತದಾ? ಜನ ಎಂತ ಹೇಳ್ತಾರೆ? ಸೂತಕ ಕಳೀಲಿ ಅಂತ ಬಾಯಿ ಮುಚ್ಚಿ ಕೂತೆ.”

ಮನೆಗೆ ಬಂದು ಆಂಟಿ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಅತ್ತಿ ಕಲ್ಯಾಣಕ್ಕೆ ಹೊರಟುಹೋದಳು. ಸಿನಿಮಾವನ್ನು ನಲವತ್ತೊಂದನೇ ನಿಮಿಷಕ್ಕೆ ಹಿಂದಕ್ಕೆ ತಂದೆ. ಅಪ್ಪ ನಮ್ಮ ಜೊತೆ ಎಂದೂ ಕೂತವರಲ್ಲ, ಟಿವಿ ಹಚ್ಚಿದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಅಂದು ದಿವಾನದ ಈ ತುದಿಯಲ್ಲಿ ಕೂತರು. ಆ ತುದಿ ಖಾಲಿ ಬಿಟ್ಟೆವು.

ಹೆಣಗಳು ಒಟ್ಟು ಆರು. ಕಳ್ಳಬಾಗಿಲು ಒಂಬತ್ತು. ಪತ್ತೇದಾರ ಕೊನೆಯ ಬಾಗಿಲಿನಿಂದ ನೇರ ಅಡಿಗೆಮನೆಗೆ ಬಿದ್ದು, ಹಿಟ್ಟಿನ ಡಬ್ಬಿಯಲ್ಲಿ ಕೂತುಕೊಂಡ. ಎಂಬತ್ತೇಳನೇ ನಿಮಿಷಕ್ಕೆ ಎಲ್ಲರನ್ನೂ ಸೇರಿಸಿ ಬೆರಳು ತೋರಿಸಿದ. ವಕೀಲ ಅಲ್ಲ, ಸೋದರಳಿಯನೂ ಅಲ್ಲ. ಅಡಿಗೆಯವಳು.

ಯಾಕೆ ಎಂದು ಕೇಳಿದರೆ ಅವಳು ಸೌಟು ಎತ್ತಿ ಹಿಡಿದು ಹೇಳಿದಳು: ಇಪ್ಪತ್ತು ವರ್ಷ ಈ ಮನೆಗೆ ಅಡಿಗೆ ಮಾಡಿದ್ದೇನೆ. ಉಪ್ಪು ಸರಿಯಾಗಿದೆ ಅಂತ ಒಬ್ಬರೂ ಹೇಳಲಿಲ್ಲ. ಪತ್ತೇದಾರ ಮೇಜಿನ ಮೇಲಿದ್ದ ಸೂಪಿಗೆ ಬೆರಳು ಅದ್ದಿ ನೆಕ್ಕಿ, ಉಪ್ಪು ಸರಿಯಾಗಿದೆ ಎಂದ. ಹೇಳಿ ಧೊಪ್ಪನೆ ಬಿದ್ದ.

ಎಂಬತ್ತೆಂಟನೇ ನಿಮಿಷ. ನಿಲ್ಲಿಸಿದೆ.

ಅಪ್ಪ ನಗಲಿಲ್ಲ. “ಇಲ್ಲೇ ಎದ್ಲೇನು?” ಎಂದರು.

“ಹೂಂ. ಇಲ್ಲೇ.”

“ನಕ್ಕಿದ್ಲಂತೇನು?”

“ಗೋಡಿ ಆಚೆ ಕೇಳಿತಂತ.”

ಟಿವಿಯಲ್ಲಿ ಪತ್ತೇದಾರನ ಬೂಟುಗಳು ಮೇಲೆ ಮುಖ ಮಾಡಿ ನಿಂತಿದ್ದವು.

“ಇನ್ನ ಎಷ್ಟೈತಿ?”

“ಐದೂವರಿ ನಿಮಿಷ.”

“ಇರ್ಲಿ ಬಿಡು” ಎಂದು ಎದ್ದು ಅಡಿಗೆಮನೆಗೆ ಹೋದರು. ಪಾತ್ರೆಗೆ ನೀರು ಹಾಕಿದ ಸದ್ದು ಕೇಳಿತು. ಅವರು ಚಹಾ ಮಾಡುವುದನ್ನು ನಾನು ಎಂದೂ ನೋಡಿರಲಿಲ್ಲ.

ನಾನು ಸಾಲು ನಲವತ್ತೊಂದನ್ನು ತುಂಬಿದೆ. ಅವ್ವನ ಊಹೆ ತಪ್ಪು, ನನ್ನದೂ ತಪ್ಪು. ಆಮೇಲೆ ಡೈರಿಯಲ್ಲಿ ಆ ಮಂಗಳವಾರದ ಪುಟ ತೆಗೆದೆ. ೧.೧೦ ಮತ್ತು ೬.೫೦ರ ನಡುವಿನ ಜಾಗದಲ್ಲಿ ಬರೆದೆ: ಮೂರು ಗಂಟೆಯ ಸುಮಾರಿಗೆ ನನ್ನನ್ನು ಬಿಟ್ಟು ಸಿನಿಮಾ ನೋಡಿದಳು. ನಕ್ಕಳು. ಕೊಲೆಗಾರ ಸಿಕ್ಕ ಮೇಲೆ ಚಹಾಕ್ಕೆ ಎದ್ದಳು. ಕರೆಯಲಿಲ್ಲ.

“ಲೈಟರ್ ಎಲ್ಲಿ ಇಡ್ತಿದ್ಲು ಆಕಿ?” ಅಪ್ಪ ಒಳಗಿನಿಂದ ಕೇಳಿದರು.

“ಕಿಟಕಿ ಬಾಜೂಕ, ಮೊಳಿಗೆ” ಎಂದೆ.