ಎರಡು ಹಾಸಿಗೆ ಕೇಳಿದ ಮೆಂಬರಮ್ಮ

ಬೆಳಗಿನ ಐದೂವರೆ. ಕುರೆಲಾಯ್ದ್ ದ್ವೀಪದ ಪೂರ್ವ ದಡದಲ್ಲಿ ಇಂಗೆಲ್ ಸಾರ್ಟೋಕ್ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆಯುತ್ತಿದ್ದಾರೆ. ಕೈಯಲ್ಲಿ ತುದಿಗೆ ಕಬ್ಬಿಣ ಬಡಿದ ಉದ್ದನೆಯ ಕೋಲು. ನಾಲ್ಕು ಹೆಜ್ಜೆ ಇಡುತ್ತಾರೆ, ಒಮ್ಮೆ ಕುಟ್ಟುತ್ತಾರೆ, ಸದ್ದು ಕೇಳಿಸಿಕೊಳ್ಳುತ್ತಾರೆ, ಮತ್ತೆ ನಾಲ್ಕು ಹೆಜ್ಜೆ. ಸೊಂಟಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿ ದಡದಲ್ಲಿ ನಿಂತ ಯೂರಿಯ ಕೈಯಲ್ಲಿದೆ. ಯೂರಿ ಮೀನುಗಾರ, ವಯಸ್ಸು ಇಪ್ಪತ್ತಾರು. ಅವನ ಹೆಂಡತಿ ಸಾಲ್ಮೆಗೆ ಚೊಚ್ಚಲು, ದಿನ ತುಂಬುತ್ತಿದೆ. ಆಸ್ಪತ್ರೆ ಇರುವುದು ಸಮುದ್ರದ ಆಚೆ ದಡದಲ್ಲಿ.

ಐವತ್ತು ಹೆಜ್ಜೆ ಹೋದ ಮೇಲೆ ಅವರು ಬಗ್ಗಿ ಒಂದು ತುಂಡು ಕಡಿದು ತರುತ್ತಾರೆ. ನಾನು ಇಲ್ಲಿನ ಶಾಲೆಯ ಮೇಷ್ಟ್ರು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದಿದ್ದೇನೆ. ನನ್ನ ಅಳತೆಪಟ್ಟಿಯಲ್ಲಿ ಮೂವತ್ತೆಂಟು ಸೆಂಟಿಮೀಟರ್ ದಪ್ಪ. ಜನವರಿಯಲ್ಲಾದರೆ ಇದರ ಅರ್ಧದಷ್ಟಿದ್ದರೂ ಕುದುರೆ, ಹೊರೆಗಾಡಿ ಎರಡೂ ಹಾಯುತ್ತವೆ. ಇಂಗೆಲ್ ಬೂಟಿನ ಹಿಮ್ಮಡಿಯಿಂದ ತುಂಡನ್ನು ಒಮ್ಮೆ ಒದೆಯುತ್ತಾರೆ. ಅದು ಬಿರಿಯುವುದಿಲ್ಲ, ಉದುರುತ್ತದೆ. ಬೆರಳು ದಪ್ಪದ ನೂರಾರು ಗಾಜಿನ ಕಡ್ಡಿಗಳು ಕಾಲಬುಡದಲ್ಲಿ ಚೆಲ್ಲುತ್ತವೆ. ಏಪ್ರಿಲ್ ಬಿಸಿಲು ಮೇಲಿನಿಂದ ಕರಗಿಸುವುದಕ್ಕಿಂತ ಹೆಚ್ಚಾಗಿ ಹರಳು ಹರಳಿನ ನಡುವಿನ ಅಂಟನ್ನು ಬಿಡಿಸುತ್ತದೆ. ದಪ್ಪ ಅಷ್ಟೇ ಇರುತ್ತದೆ, ಹಿಡಿತ ಹೋಗಿರುತ್ತದೆ.

"ಹೆಂಗಿದೆ ಇಂಗೆಲಕ್ಕಾ?" ಯೂರಿ ಕೇಳುತ್ತಾನೆ.

"ನಿನ್ನನ್ನ ಬೇಕಾದ್ರೆ ಕಳಿಸಬಹುದು. ಅವಳನ್ನ ಕಳಿಸಲ್ಲ."

"ಜಾರುದೋಣೀಲಿ? ಆರು ಜನ ಎಳೀತೀವಿ. ನಾನು ಆಗ್ಲೇ ಎಲ್ರನ್ನೂ ಕೇಳಿದೀನಿ."

"ಒಂಬತ್ತು ಕಿಲೋಮೀಟರ್ ಕಣೋ. ಏಳು ಗಂಟೆ ಎಳೀತೀರ. ಮಧ್ಯದಲ್ಲಿ ಶುರುವಾದ್ರೆ ನಾನು ಅವಳ ಕಾಲು ಹಿಡೀಲಾ, ದೋಣಿ ಹಿಡೀಲಾ?"

ಯೂರಿ ಹಗ್ಗ ಸುತ್ತಿಕೊಳ್ಳುತ್ತಾನೆ. ಜಾರುದೋಣಿಯೆಂದರೆ ತಳಕ್ಕೆ ಜಾರುಪಟ್ಟಿ ಬಡಿದ ದೋಣಿ, ಮಂಜುಗಡ್ಡೆಯ ಮೇಲೆ ಎಳೆಯಬಹುದು, ಒಡೆದರೆ ತೇಲುತ್ತದೆ. ವಸಂತದಲ್ಲಿ ನಮ್ಮ ದ್ವೀಪಕ್ಕೆ ಮೂರರಿಂದ ನಾಲ್ಕು ವಾರ ಹೀಗಿರುತ್ತದೆ. ಮಂಜುಗಡ್ಡೆ ಗಾಡಿಯನ್ನು ಹೊರುವುದಿಲ್ಲ, ದೋಣಿಗೆ ದಾರಿಯನ್ನೂ ಬಿಡುವುದಿಲ್ಲ. ಟಪಾಲು ಬರುವುದಿಲ್ಲ, ಡಾಕ್ಟರು ಬರುವುದಿಲ್ಲ. ಹುಟ್ಟುವವರು ಮಾತ್ರ ಹುಟ್ಟುತ್ತಾರೆ.

ಇಂಗೆಲ್‌ಗೆ ಈಗ ಐವತ್ತೆಂಟು. ತಾರ್ತು ನಗರದಲ್ಲಿ ಎರಡು ವರ್ಷ ಸೂಲಗಿತ್ತಿಯ ಪಾಠ ಕಲಿತು ಬಂದು ಮೂವತ್ತೊಂದು ವರ್ಷವಾಯಿತು. ಮುನ್ನೂರ ನಲವತ್ತು ಜನರ ಈ ದ್ವೀಪದಲ್ಲಿ ಅವರ ಕೈಗೆ ಬಿದ್ದ ಮಕ್ಕಳು ಮುನ್ನೂರ ಎಂಬತ್ತಾರು. ಹೆಚ್ಚಿನವು ಹುಟ್ಟಿದ್ದು ಉಗಿಮನೆಗಳಲ್ಲಿ, ಎಂದರೆ ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಮೀಯುವ ಮರದ ಕೋಣೆಗಳಲ್ಲಿ. ಮನೆಯಲ್ಲಿ ಬೇರೆಲ್ಲಿಯೂ ಅಷ್ಟು ಬೆಚ್ಚಗೆ, ಅಷ್ಟು ಬಿಸಿನೀರು ಇರುವುದಿಲ್ಲ. ಇಂದೂ ದಡದಿಂದ ಬಂದವರೇ ಸಾಲ್ಮೆಯ ಉಗಿಮನೆಯ ಹಲಗೆಗಳನ್ನು ಸುಣ್ಣದ ನೀರಿನಲ್ಲಿ ಉಜ್ಜಲು ಕೂರುತ್ತಾರೆ. ಮೂರು ದಿನಗಳಲ್ಲಿ ಇದು ಮೂರನೆಯ ಸಲ.

ದಾರಿಯಲ್ಲಿ ಬಲೆ ಹೊತ್ತು ಹೋಗುವ ಮುದುಕನೊಬ್ಬ ಒಳಕ್ಕೆ ಇಣುಕುತ್ತಾನೆ. "ಏನ್ ಮೆಂಬರಮ್ಮ, ಮಂತ್ರಿಗಳು ಯಾರಾದ್ರೂ ಬರ್ತಿದಾರಾ, ಇಷ್ಟೊಂದು ತೊಳೆಯೋದು?"

"ಬರ್ತಿದಾರೆ. ಬಟ್ಟೆ ಹಾಕ್ಕೊಂಡ್ ಬರಲ್ಲ, ನೀನು ನಾಚಿಕೊಂಡು ಆ ಕಡೆ ಹೋಗು."

ಮೆಂಬರಮ್ಮ ಎಂಬ ಹೆಸರು ದ್ವೀಪದವರ ತಮಾಷೆ, ಆದರೆ ಸುಳ್ಳಲ್ಲ. ೧೯೨೯ರ ಮೇ ತಿಂಗಳಲ್ಲಿ ಆಯ್ಕೆಯಾದ, ರಾಜಧಾನಿ ತಾಲಿನ್ನಿನ ಗುಡ್ಡದ ಮೇಲಿನ ನೂರು ಸ್ಥಾನಗಳ ಶಾಸನಸಭೆಯಲ್ಲಿ ಇಂಗೆಲ್ ಸಾರ್ಟೋಕ್ ಹದಿಮೂರು ತಿಂಗಳು ಸದಸ್ಯೆಯಾಗಿದ್ದರು. ಅಚ್ಚಾದ ಸದಸ್ಯರ ಪಟ್ಟಿಯಲ್ಲಿ ಅವರನ್ನು ಹುಡುಕುವವರು ಮೊದಲ ನೂರು ಹೆಸರುಗಳನ್ನು ದಾಟಬೇಕು. ಕೊನೆಗೆ ಸಣ್ಣ ಅಕ್ಷರಗಳಲ್ಲಿ 'ತೆರವಾದ ಸ್ಥಾನಕ್ಕೆ ಬಂದವರು' ಎಂಬ ಭಾಗವಿದೆ. ಅಲ್ಲಿದ್ದಾರೆ.

ಆ ಚುನಾವಣೆಗೆ ದ್ವೀಪಗಳ ಮೀನುಗಾರರು ತಮ್ಮದೇ ಒಂದು ಪಟ್ಟಿ ಹಾಕಿದ್ದರು. ನಮ್ಮಲ್ಲಿ ಮತ ಬೀಳುವುದು ಪಟ್ಟಿಗೆ, ಪಾಲಿಗೆ ಬಂದಷ್ಟು ಸ್ಥಾನ ಅದರ ಮೇಲಿನ ಹೆಸರುಗಳಿಗೆ. ಒಂದು ಸ್ಥಾನ ಬಂದರೆ ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು. ಪಟ್ಟಿಯ ಮೊದಲ ಹೆಸರು ಪ್ರೀದಿಕ್ ಕೋಲ್ಕ್, ದೋಣಿ ಮಾಲೀಕ, ಮಾತುಗಾರ. ಎರಡನೆಯದು ಇಂಗೆಲ್. ಮೂರು ವರ್ಷದ ಅವಧಿಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದೆಂದು ಬಲೆಯ ಕೊಟ್ಟಿಗೆಯಲ್ಲಿ ಎಲ್ಲರ ಮುಂದೆ ಮಾತಾಯಿತು. ಮೊದಲು ಹೋಗುವವನು ತನ್ನ ರಾಜೀನಾಮೆಯನ್ನು ಹೋಗುವ ಮುಂಚೆಯೇ ಬರೆದು, ಸಹಿ ಹಾಕಿ, ತಾರೀಕಿನ ಜಾಗ ಮಾತ್ರ ಖಾಲಿ ಬಿಟ್ಟು ಕೊಡಬೇಕು. ಸದಸ್ಯ ರಾಜೀನಾಮೆ ಕೊಟ್ಟರೆ ಪಟ್ಟಿಯಲ್ಲಿ ಅವನ ನಂತರದವರಿಗೆ ಸ್ಥಾನ ತಾನಾಗಿಯೇ ಬರುತ್ತದೆ. ದೊಡ್ಡ ಪಕ್ಷಗಳಲ್ಲಾದರೆ ಇಂಥ ಕಾಗದ ಕಾರ್ಯದರ್ಶಿಯ ಮೇಜಿನೊಳಗೆ ಇರುತ್ತಿತ್ತೇನೋ. ಮೀನುಗಾರರಿಗೆ ಕಾರ್ಯದರ್ಶಿಯೂ ಇರಲಿಲ್ಲ, ಮೇಜೂ ಇರಲಿಲ್ಲ. ಪ್ರೀದಿಕ್ ತನ್ನ ಕಾಗದವನ್ನು ಇಂಗೆಲ್ ಕೈಗೇ ಕೊಟ್ಟ. ಅವನನ್ನು ಈ ಭೂಮಿಗೆ ತಂದವರೂ ಆಗ ದ್ವೀಪದ ಸೂಲಗಿತ್ತಿಯಾಗಿದ್ದ ಇಂಗೆಲ್ ಅವರ ಅತ್ತೆಯೇ. ಇನ್ನಾರನ್ನು ನಂಬುವುದು?

ಇಂಗೆಲ್‌ಗೆ ಶಾಸನಸಭೆಯಿಂದ ಬೇಕಾಗಿದ್ದುದು ಒಂದೇ. ಆಚೆ ದಡದ ಬಂದರು ಹಳ್ಳಿಯಲ್ಲಿ ಒಂದು ಕೋಣೆ, ಒಂದು ಒಲೆ, ಎರಡು ಹಾಸಿಗೆ. ದಿನ ತುಂಬುವ ಹೆಂಗಸರು ಮಂಜುಗಡ್ಡೆ ಗಟ್ಟಿಯಿರುವಾಗಲೇ ದಾಟಿಹೋಗಿ, ಹೆರಿಗೆಯವರೆಗೆ ಅಲ್ಲೇ ಇರಬೇಕು. ಅಲ್ಲಿಂದ ಆಸ್ಪತ್ರೆಗೆ ಗಾಡಿಯಲ್ಲಿ ಎರಡು ಗಂಟೆ. "ಆಸ್ಪತ್ರೆ ಕಟ್ಟಿಸಿ ಅಂತ ಕೇಳಿಲ್ಲ ನಾನು," ಎನ್ನುತ್ತಾರೆ. "ಕಾಯೋಕೆ ಒಂದು ಜಾಗ ಕೇಳಿದೆ."

ಅವರ ಹೆರಿಗೆ ಪುಸ್ತಕವನ್ನು ನಾನು ಪುಟಪುಟವಾಗಿ ನೋಡಿದ್ದೇನೆ. ದಾರಿ ಮುಚ್ಚುವ ವಾರಗಳಲ್ಲಿ ಆದ ಹೆರಿಗೆ ಇಪ್ಪತ್ತೊಂಬತ್ತು, ತೀರಿಕೊಂಡ ತಾಯಂದಿರು ನಾಲ್ವರು. ವರ್ಷದ ಉಳಿದೆಲ್ಲ ದಿನಗಳಲ್ಲಿ ಆದ ಹೆರಿಗೆ ಮುನ್ನೂರ ಐವತ್ತೇಳು, ತೀರಿಕೊಂಡವರು ಮೂವರು. ಸಂಖ್ಯೆ ಸಣ್ಣದು, ಆಕಸ್ಮಿಕವೂ ಸೇರಿರಬಹುದು ಎಂಬ ಅನುಮಾನವನ್ನು ಇಟ್ಟುಕೊಂಡೇ ಲೆಕ್ಕ ಹಾಕಿದೆ. ಅಪಾಯ ಹದಿನಾರು ಪಟ್ಟು. ಎರಡು ಸಲ ಹಾಕಿದೆ, ಅಷ್ಟೇ ಬಂತು.

ಒಪ್ಪಂದದ ಪ್ರಕಾರ ಕಾಗದ ಕಳಿಸಬೇಕಾಗಿದ್ದುದು ೧೯೩೦ರ ಕ್ರಿಸ್‌ಮಸ್‌ಗೆ. ಹಾಗಾಗಿದ್ದರೆ ಮಾರ್ಚಿಯಲ್ಲಿ ಆಯವ್ಯಯ ಚರ್ಚೆಗೆ ಬಂದಾಗ ಇಂಗೆಲ್ ಅಲ್ಲಿರುತ್ತಿದ್ದರು. ಆದರೆ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಪ್ರೀದಿಕ್ ಊರಿಗೆ ಬಂದು ಅವರ ಅಡುಗೆಮನೆಯಲ್ಲಿ ಕೂತ. ಅವನ ಹೆಂಡತಿ ಆನೆತ್ ಅದಕ್ಕೂ ಮೊದಲು ಮೂರು ಮಕ್ಕಳನ್ನು ಕಳೆದುಕೊಂಡವಳು, ಮೂರನ್ನೂ ಇದೇ ಇಂಗೆಲ್ ಕೈಯಲ್ಲಿ. ಈಗ ಮತ್ತೆ ಆರು ತಿಂಗಳು ತುಂಬಿತ್ತು. ಅವನು ಸದಸ್ಯನೆಂಬ ಕಾರಣಕ್ಕೆ ತಾಲಿನ್ನಿನಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಅವರಿಗೊಂದು ಕೋಣೆಯಿತ್ತು. ಸದಸ್ಯತ್ವ ಹೋದರೆ ಕೋಣೆ ಹೋಗುತ್ತದೆ, ಆನೆತ್ ದ್ವೀಪಕ್ಕೆ ಮರಳಬೇಕು. ದಿನ ತುಂಬುವುದು ಮಾರ್ಚಿಯ ಕೊನೆಗೆ.

ಆ ಸಂಜೆಯ ಮಾತನ್ನು ಇಂಗೆಲ್ ಹೀಗೆ ಹೇಳುತ್ತಾರೆ: "ಅವನು 'ಅಕ್ಕ, ಮಗು ಬರೋವರೆಗೂ' ಅಂದ. ನಾನು 'ಆಸ್ಪತ್ರೆಗೆ ಹತ್ರ ಇರ್ಲಿ ಅಂತ ತಾನೆ ನಾನೂ ಬಡ್ಕೊತಿರೋದು, ಇರ್ಲಿ ಬಿಡು' ಅಂದೆ. ಹಾಸಿಗೆ ವಿಷ್ಯ ನೀನೇ ಎತ್ತು ಅಂತ ನನ್ನ ಪುಸ್ತಕದ ಅಂಕಿ ಎಲ್ಲ ಒಂದು ಹಾಳೇಲಿ ಬರೆದುಕೊಟ್ಟೆ. ಅವನು ಟೋಪಿ ಒಳಗೆ ಇಟ್ಕೊಂಡ."

ಆರೋಗ್ಯದ ಬಾಬ್ತು ಸಮಿತಿಯ ಮುಂದೆ ಬಂದ ಬೆಳಿಗ್ಗೆಯೇ ಆನೆತ್‌ಗೆ ನೋವು ಶುರುವಾಯಿತು, ಹೇಳಿದ್ದಕ್ಕಿಂತ ಎರಡು ವಾರ ಮೊದಲು. ಪ್ರೀದಿಕ್ ಇಡೀ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಸಮಿತಿಯಲ್ಲಿ ದ್ವೀಪಗಳ ಕುರ್ಚಿ ಖಾಲಿಯಿತ್ತು. ಖಾಲಿ ಕುರ್ಚಿಯ ಕೋರಿಕೆಯನ್ನು ಯಾರೂ ಓದಲಿಲ್ಲ. ಸಂಜೆ ಗಂಡು ಮಗು ಹುಟ್ಟಿತು, ಬದುಕಿತು.

ಐದು ವಾರದ ನಂತರ, ದಾರಿ ಮುಚ್ಚಿದ್ದಾಗ, ದ್ವೀಪದಲ್ಲಿ ಲೇನಾ ನೋತ್‌ಗೆ ನೋವು ಬಂತು. ಮಗು ಅಡ್ಡಲಾಗಿತ್ತು. ಇಂಗೆಲ್ ಒಂದು ಹಗಲು ಒಂದು ರಾತ್ರಿ ಪ್ರಯತ್ನಿಸಿದರು. ಆಮೇಲೆ ಆರು ಗಂಡಸರು ಜಾರುದೋಣಿಯಲ್ಲಿ ಅವಳನ್ನು ಮಲಗಿಸಿ ಎಳೆದರು. ನಾಲ್ಕನೆಯ ಕಿಲೋಮೀಟರಿನಲ್ಲಿ ದೋಣಿ ನಿಂತಿತು, ತಿರುಗಿತು. ಅವರ ಪುಸ್ತಕದಲ್ಲಿ ಆ ದಿನದ ಸಾಲು ಉಳಿದ ಸಾಲುಗಳ ಹಾಗೆಯೇ ಇದೆ: ಹೆಸರು, ವಯಸ್ಸು, ಗಂಟೆ.

ಮೊದಲ ದೋಣಿಯಲ್ಲಿ ಪ್ರೀದಿಕ್ ಬಂದ. ಸಮಾಧಿಯ ಹತ್ತಿರ ಟೋಪಿ ತೆಗೆದು ನಿಂತ. ಆಮೇಲೆ ಇಂಗೆಲ್ ಕಡೆ ತಿರುಗಿ, "ನೀನು ಕಾಗದ ಕಳಿಸಬೇಕಿತ್ತಕ್ಕ," ಎಂದ.

"ಹೂಂ," ಎಂದರು ಇಂಗೆಲ್. ಅಂದೇ ಮನೆಗೆ ಹೋಗಿ ತಾರೀಕು ತುಂಬಿದರು.

೧೯೩೧ರ ಮೇ ತಿಂಗಳಿನಿಂದ ಅವರು ಸದಸ್ಯೆ. ಹೆರಿಗೆಯ ಚೀಲವನ್ನೂ ಜೊತೆಗೊಯ್ದಿದ್ದರು, ಅಭ್ಯಾಸಬಲ. ಆ ವರ್ಷ ಬೆಣ್ಣೆಯ ಬೆಲೆ ಬಿತ್ತು, ಮರದ ಬೆಲೆ ಬಿತ್ತು, ಕಾರ್ಖಾನೆಗಳು ಮುಚ್ಚಿದವು. ಮುಂದಿನ ಮಾರ್ಚಿಯ ಹೊತ್ತಿಗೆ ಪ್ರತಿಯೊಂದು ಬಾಬ್ತಿಗೂ ಕತ್ತರಿ. ಹಿಂದಿನ ವರ್ಷ ಕೇಳಿದ್ದರೆ ಬಹುಶಃ ಸಿಗುತ್ತಿತ್ತು ಎಂದು ಸಮಿತಿಯ ಹಿರಿಯರೊಬ್ಬರು ಅವರಿಗೆ ಸಮಾಧಾನವೆಂಬಂತೆ ಹೇಳಿದರಂತೆ. ಹದಿಮೂರು ತಿಂಗಳಲ್ಲಿ ಇಂಗೆಲ್ ಒಂದೇ ಸಲ ಎದ್ದು ಮಾತಾಡಿದರು, ನಾಲ್ಕು ನಿಮಿಷ. ಅಂಕಿಗಳನ್ನು ಓದುತ್ತಿದ್ದಾಗ ಹಿಂದಿನ ಸಾಲಿನಿಂದ ಯಾರೋ, "ನಿಮ್ಮ ಹೆಂಗಸರಿಗೆ ಬೇಸಿಗೇಲಿ ಹೆರೋಕೆ ಹೇಳಿ ತಾಯಿ!" ಎಂದರು. ಸಭೆ ನಕ್ಕಿತು.

"ಉತ್ತರ ಹೊಳೀತು," ಎನ್ನುತ್ತಾರೆ ಇಂಗೆಲ್, ಹಲಗೆ ಉಜ್ಜುವುದನ್ನು ನಿಲ್ಲಿಸದೆ. "ಜುಲೈನಲ್ಲಿ ಗಂಡಸರು ಮನೆಗೆ ಬರಬಾರದು ಅಂತ ಒಂದು ಕಾನೂನು ಮಾಡಿ ಸ್ವಾಮಿ, ಏಪ್ರಿಲ್ ತಾನಾಗೇ ಖಾಲಿಯಾಗುತ್ತೆ, ಅಂತ. ಆದ್ರೆ ಹೊಳೆದಿದ್ದು ಗುಡ್ಡ ಇಳಿದು ಟ್ರಾಮ್ ಹತ್ತಿದ ಮೇಲೆ. ಟ್ರಾಮಿನವನಿಗೆ ಹೇಳಿದೆ. ಅವನು ನಕ್ಕ, ಪಾಪ."

ಕೋರಿಕೆ ಬಿತ್ತು. ಆ ವರ್ಷದ ಚುನಾವಣೆಯಲ್ಲಿ ಮೀನುಗಾರರ ಪಟ್ಟಿಯೂ ಬಿತ್ತು. ಈಗ ಗುಡ್ಡದ ಮೇಲೆ ದ್ವೀಪದವರು ಯಾರೂ ಇಲ್ಲ. ಬಂದರು ಹಳ್ಳಿಯಲ್ಲಿ ಇಂಗೆಲ್ ನೋಡಿಟ್ಟಿದ್ದ ಕೋಣೆಯಲ್ಲಿ ಯಾರೋ ಉಪ್ಪಿನ ಮೂಟೆ ಇಟ್ಟಿದ್ದಾರೆ. ಸಾಲ್ಮೆಯನ್ನು ಫೆಬ್ರವರಿಯಲ್ಲೇ ಆಚೆ ಕಳಿಸಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ ಸುಲಭ: ಯಾರ ಮನೆಗೆ? ಎರಡು ತಿಂಗಳು ಬಸುರಿಯನ್ನು ಇಟ್ಟುಕೊಳ್ಳುವ ಪರಿಚಯದವರು ಯೂರಿಗೆ ಅಲ್ಲಿ ಇಲ್ಲ. ಎಲ್ಲರ ಮನೆಯಲ್ಲೂ ಕೆಲಸ ಕಳೆದುಕೊಂಡು ಬಂದ ನೆಂಟರು ತುಂಬಿದ್ದಾರೆ.

ಮಧ್ಯಾಹ್ನ ಅವರ ಮನೆಯಲ್ಲಿ ಬಾರ್ಲಿ ಕಾಫಿ, ಹೊಗೆಯಾಡಿಸಿದ ಮೀನು. ಬಾಗಿಲು ತಳ್ಳಿಕೊಂಡು ಎರಡು ವರ್ಷದ ಪೋರನೊಬ್ಬ ಬರುತ್ತಾನೆ, ಹಿಂದೆಯೇ ಅವನ ಅಮ್ಮ ಆನೆತ್. ಪ್ರೀದಿಕ್‌ನ ಮಗ ಆದೊ ಇವನೇ. ಇಂಗೆಲ್ ರೈ ರೊಟ್ಟಿಯ ಗಟ್ಟಿ ಅಂಚು ಮುರಿದು ಅವನ ಕೈಗಿಡುತ್ತಾರೆ. ಅವನು ಕಚ್ಚುತ್ತಾನೆ, ಉಗುಳುತ್ತಾನೆ, ಮತ್ತೆ ಕಚ್ಚುತ್ತಾನೆ.

"ಹಾಳು ಮಾಡ್ಬೇಡಿ ಅಕ್ಕ ಅವನನ್ನ," ಎನ್ನುತ್ತಾಳೆ ಆನೆತ್.

"ಹೊಸ ಹಲ್ಲು, ಕೆಲಸ ಬೇಡ್ವಾ ಅದಕ್ಕೆ?"

ತಾಯಿ ಮಗ ಹೋದ ಮೇಲೆ, ಆ ಕ್ರಿಸ್‌ಮಸ್ ಮತ್ತೆ ಬಂದರೆ ಕಾಗದ ಕಳಿಸುತ್ತೀರಾ ಎಂದು ಕೇಳುತ್ತೇನೆ. ಇಂಗೆಲ್ ಲೋಟದ ತಳ ನೋಡುತ್ತಾರೆ.

"ಅದೇ ಮೇಷ್ಟ್ರೆ ಕಷ್ಟ. ಕಳಿಸ್ತೀನಿ ಅಂದ್ರೆ ಈಗ ಹೋದ್ನಲ್ಲ, ಇವನನ್ನ ಬೇಡ ಅಂದಂಗಾಯ್ತು. ಕಳಿಸಲ್ಲ ಅಂದ್ರೆ ಲೇನಾನ್ನ ಎರಡನೇ ಸಲ ಮಣ್ಣು ಮಾಡಿದಂಗಾಯ್ತು. ನನಗೆ ಪಶ್ಚಾತ್ತಾಪ ಪಡೋಕೂ ದಾರಿ ಬಿಟ್ಟಿಲ್ಲ ನೋಡಿ."

ಸಂಜೆಗೆ ದಕ್ಷಿಣದ ಗಾಳಿ ಬೀಸುತ್ತದೆ. ಸಾಲ್ಮೆಗೆ ಬೆನ್ನು ನೋವು ಶುರುವಾಗಿದೆ ಎಂದು ಯೂರಿ ಬಂದು ಹೇಳುತ್ತಾನೆ. ಇಂಗೆಲ್ ಚೀಲ ತೆಗೆದುಕೊಂಡು ಎದ್ದು, ಶಾಲು ಹೊದೆಯುತ್ತಾ ನನ್ನ ಬರಹ ಯಾವಾಗ ಹೋಗುತ್ತದೆಂದು ಕೇಳುತ್ತಾರೆ. ಟಪಾಲಿನ ದೋಣಿ ಓಡಲು ಶುರುವಾದ ಮೇಲೆ ಎನ್ನುತ್ತೇನೆ. ಅಷ್ಟು ಹೊತ್ತಿಗೆ ಸಾಲ್ಮೆಯ ವಿಷಯ ಒಂದು ಕಡೆಗೆ ತೀರ್ಮಾನವಾಗಿರುತ್ತದೆ. ಅದು ಇಬ್ಬರಿಗೂ ಗೊತ್ತು.

"ಹಂಗಾದ್ರೆ ಒಂದು ಮಾತು ನಡೆಸಿಕೊಡಿ," ಎನ್ನುತ್ತಾರೆ. "ಅವಳಿಗೆ ಏನಾಯ್ತು ಅಂತ ಬರೀಬೇಡಿ. ಹೆತ್ತು ಎದ್ದು ಕೂತ್ರೆ, 'ನೋಡಿ, ಹಾಸಿಗೆ ಇಲ್ದೇನೂ ಆಗುತ್ತೆ' ಅಂತಾರೆ. ಹೋದ್ರೆ, 'ಅಯ್ಯೋ ಪಾಪ' ಅಂತಾರೆ. ಎರಡು ಮಾತಿಗೂ ಕೋಣೆ ಬರಲ್ಲ. ಈಗ ಹೆಂಗಿದೆಯೋ ಹಂಗೇ ನಿಲ್ಲಿಸಿ, ಓದೋರೂ ಸ್ವಲ್ಪ ಕಾಯ್ಲಿ."

ಬಾಗಿಲಲ್ಲಿ ಯೂರಿ ಲಾಂದ್ರ ಎತ್ತಿ ಹಿಡಿದಿದ್ದಾನೆ.

"ಎಷ್ಟು ದಿನ ಆಯ್ತು ಅಂತ ಮಾತ್ರ ಹಾಕಿ. ದಾರಿ ಮುಚ್ಚಿ ಇವತ್ತಿಗೆ ಹನ್ನೊಂದು."