ಮುಂದಿನ ವರ್ಷಕ್ಕೆ ಬಿಟ್ಟ ಜಾಗ

ಗುಡ್ಡೆಹೊಸೂರಿನ ಕೂಡುರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಫಿ ಕೊಯ್ಲಿಗೆ ಆಳುಗಳನ್ನು ಒಯ್ಯುವ ಜೀಪುಗಳೂ ಹೊರಟಿಲ್ಲ. ‘ಚಲುವ ಡಿಜಿಟಲ್ಸ್’ ಅಂಗಡಿಯ ಷಟರ್ ಮಾತ್ರ ಅರ್ಧ ಎದ್ದಿದೆ, ಒಳಗಿನಿಂದ ದೇವರ ಹಾಡು ಬರುತ್ತಿದೆ. ಡೇರಿಗೆ ಹಾಲು ಹಾಕಲು ಹೋಗುವವರು ಈ ಹಾಡು ಕೇಳಿ ಕೇಳಿ ನಂದೀಶ್ ಅವರನ್ನು ಮಹಾ ದೈವಭಕ್ತರೆಂದು ತೀರ್ಮಾನಿಸಿ ವರ್ಷಗಳೇ ಆದವು. ನಂದೀಶ್ ಹಾಡು ಕೇಳುತ್ತಲೇ ಇಲ್ಲ. ಅವರ ಕಿವಿ ಇರುವುದು ಹಳೆಯ ಲ್ಯಾಪ್‌ಟಾಪಿನ ಪಕ್ಕದಲ್ಲಿ ಗಿರಗುಟ್ಟುವ ಸಿ.ಡಿ. ಡ್ರೈವಿನ ಮೇಲೆ.

“ಚಳಿಗೆ ಲೆನ್ಸ್ ಮೇಲೆ ಪಸೆ ಕೂರತ್ತೆ. ಒಂದೆರಡು ಹಾಡು ಓಡಿದ್ರೆ ಬೆಚ್ಚಗಾಗತ್ತೆ. ಈ ಹಾಡೇ ಓಡ್ಲಿಲ್ಲ ಅಂದ್ರೆ ತೊಂದ್ರೆ ಡ್ರೈವಿಂದು. ಇದು ಓಡಿ ಗಿರಾಕಿದು ಓಡ್ಲಿಲ್ಲ ಅಂದ್ರೆ ಅವರ ಡಿಸ್ಕಿಂದು. ನನ್ನ ಭಕ್ತಿ ಅಷ್ಟೇ,” ಎಂದು ನಗುತ್ತಾರೆ ಅವರು.

ವಯಸ್ಸು ಐವತ್ತರ ಆಚೆ. ಕೈಯಲ್ಲಿ ಹತ್ತಿಕಡ್ಡಿ, ಸ್ಪಿರಿಟ್ ಸೀಸೆ, ಕ್ಯಾಮೆರಾದ ದೂಳು ಊದುವ ರಬ್ಬರ್ ಬುರುಡೆ. ಮೇಜಿನ ನಾಲ್ಕು ಕಾಲಿನಡಿಯಲ್ಲೂ ಮಡಿಸಿದ ಕಾಫಿ ಗೋಣಿ. ಬೆಳಕಾದ ಮೇಲೆ ದುಬಾರೆಯ ಆನೆ ನೋಡಲು ಹೋಗುವ ವಾಹನಗಳ ಸಾಲು ಶುರುವಾಗುತ್ತದೆ, ನೆಲ ನಡುಗುತ್ತದೆ, ಮುದಿ ಡ್ರೈವ್ ಓದುತ್ತಿದ್ದದ್ದನ್ನು ಅರ್ಧಕ್ಕೇ ಬಿಡುತ್ತದೆ. ಅದಕ್ಕೇ ಈ ಕೆಲಸಕ್ಕೆ ಬೆಳಗಿನ ಜಾವವೇ ಆಗಬೇಕು.

ಅಪ್ಪ ಸಣ್ಣಸ್ವಾಮಿ ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಅಂಗಡಿಯ ಬೋರ್ಡಿನ ಮೇಲಿರುವುದು ಅಮ್ಮ ಚಲುವಮ್ಮನ ಹೆಸರು. ಮಗನಿಗೆ ನೇಗಿಲಿಗಿಂತ ಸ್ಕ್ರೂಡ್ರೈವರ್ ಇಷ್ಟವಾಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಮಾರಿದ ಹಳೆಯ ಲ್ಯಾಪ್‌ಟಾಪನ್ನು ರೇನ್‌ಕೋಟಿನಲ್ಲಿ ಸುತ್ತಿ, ಬೈಕಿಗೆ ಕಟ್ಟಿ, ಇತ್ತ ಸಿದ್ದಾಪುರ ಅತ್ತ ಭಾಗಮಂಡಲದವರೆಗೆ ಮನೆಮನೆಗೆ ಹೋದರು. ಮದುವೆ, ನಾಮಕರಣ, ಹುತ್ತರಿ, ಯಾವುದಾದರೂ ಸರಿ. ಜಗಲಿಯಲ್ಲೇ ಕುಳಿತು ಕ್ಯಾಮೆರಾದ ಫೋಟೋಗಳನ್ನು ಡಿಸ್ಕಿಗೆ ಹಾಕಿಕೊಡುತ್ತಿದ್ದರು. ಯಜಮಾನರು ನೆರೆಯವರಿಗೆಲ್ಲ ಹೇಳಿ ಕಳುಹಿಸಿ, ಟಿ.ವಿ. ಮುಂದೆ ಚಾಪೆ ಹಾಸುತ್ತಿದ್ದರು. ಆ ಕಾಲ ನೆನೆದರೆ ನಂದೀಶರ ಮುಖ ಇವತ್ತಿಗೂ ಅರಳುತ್ತದೆ.

ಬೇರೆ ಅಂಗಡಿಯವರು ಮಾಡದ ಒಂದು ಕೆಲಸ ಅವರು ಮಾಡುತ್ತಿದ್ದರು. ಫೋಟೋ ಹಾಕಿ ಮುಗಿದ ಮೇಲೆ ಲ್ಯಾಪ್‌ಟಾಪ್ ಒಂದು ಪ್ರಶ್ನೆ ಕೇಳುತ್ತದೆ: ಡಿಸ್ಕನ್ನು ಮುಚ್ಚಲೇ? ಹೌದೆಂದರೆ ಅದು ಎಲ್ಲ ಕಡೆ ಓಡುತ್ತದೆ, ಆದರೆ ಮತ್ತೊಂದು ಫೋಟೋ ಸೇರಿಸಲಾಗದು. ನಂದೀಶ್ ‘ಬೇಡ’ ಒತ್ತುತ್ತಿದ್ದರು. “ಅಷ್ಟಗಲ ಜಾಗ ಖಾಲಿ ಬಿದ್ದಿರೋವಾಗ ಮುಚ್ಚಿಬಿಡೋದು ಅಂದ್ರೆ ಮನಸ್ಸು ಬರ್ತಿರ್ಲಿಲ್ಲ. ಅನ್ನ ಉಳಿದಿರೋ ಪಾತ್ರೆ ತೊಳೆದಂಗೆ ಆಗೋದು. ನನ್ನ ಗಿರಾಕಿಗಳ ಟಿ.ವಿ. ಪೆಟ್ಟಿಗೆಗೆ ಈ ಲ್ಯಾಪ್‌ಟಾಪಿಂದಲೇ ವೈರ್ ಕೊಟ್ಟು ತೋರಿಸ್ತಿದ್ದೆ. ಜಾಗ ಬಿಟ್ಟಿದೀನಿ, ಮುಂದಿನ ವರ್ಷ ತನ್ನಿ ಅಂತಿದ್ದೆ.”

ಜನ ತರುತ್ತಿದ್ದರು ಕೂಡ. ಒಂದೇ ಡಿಸ್ಕು, ವರ್ಷಕ್ಕೊಂದು ಹಬ್ಬ. ಡಿಸ್ಕನ್ನು ತಿರುವಿ ಬೆಳಕಿಗೆ ಹಿಡಿದರೆ ವರ್ಷ ವರ್ಷದ ಗೆರೆಗಳು ಕೊಯ್ದ ಮರದ ಸುತ್ತುಗಳಂತೆ ಕಾಣುತ್ತವೆ. ಎಲ್ಲ ಡಿಸ್ಕುಗಳಲ್ಲೂ ಆ ಗೆರೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಿಂತಿದೆ. ಊರಿಗೆಲ್ಲ ಫೋನ್ ಬಂತು, ಫೋಟೋ ಕಿಸೆಯಲ್ಲೇ ಉಳಿಯಿತು, ಮುಂದಿನ ವರ್ಷ ಯಾರೂ ಬರಲಿಲ್ಲ. ಅಂಚಿನ ಖಾಲಿ ಪಟ್ಟಿ ಹಾಗೇ ಹೊಳೆಯುತ್ತ ಕುಳಿತಿದೆ. ಅದನ್ನು ನೋಡಿದಾಗೆಲ್ಲ ನಂದೀಶರಿಗೆ ಎಂಥದೋ ಬೇಸರ.

ಬೇಸರ ಭಯವಾದದ್ದು ಮೂರು ವರ್ಷದ ಕೆಳಗೆ. ಡ್ರೈವ್ ಸೋತಿತೆಂದು ಮೈಸೂರಿನಿಂದ ಇನ್ನೊಂದು ತರಿಸಿ ಜೋಡಿಸಿದರು. ಹೊಸ ಖಾಲಿ ಡಿಸ್ಕಿನ ಮೇಲೆ ಅದು ಚೆನ್ನಾಗಿಯೇ ಬರೆಯಿತು. ಮುಚ್ಚದೆ ಬಿಟ್ಟ ಹಳೆಯ ಡಿಸ್ಕ್ ಹಾಕಿದರೆ ‘ಖಾಲಿ’ ಎಂದಿತು. ಇನ್ನೊಂದು ಹಾಕಿದರು, ಅದೂ ಖಾಲಿ. “ಮುಚ್ಚದೆ ಇರೋ ಡಿಸ್ಕನ್ನ ಬರೆದ ಡ್ರೈವೇ ಓದ್ಬೇಕು, ಬೇರೇದಕ್ಕೆ ಅದು ಕಾಣೋದೇ ಇಲ್ಲ ಅಂತ ಆವತ್ತು ಗೊತ್ತಾಯ್ತು. ಅಷ್ಟು ಮನೆಗಳ ಹಬ್ಬ ಎಲ್ಲ ಈ ಒಂದು ಡ್ರೈವಿನ ಉಸಿರಲ್ಲಿ ಐತೆ.” ಆ ಸಂಜೆಯೇ ಹಳೆಯದನ್ನು ಮತ್ತೆ ಕೂರಿಸಿದರು. ಬಸ್ ಕಂಡಕ್ಟರುಗಳ ಬಾಯಲ್ಲಿ ಹೇಳಿ ಕಳುಹಿಸಿದರು: ನನ್ನ ಹತ್ತಿರ ಮಾಡಿಸಿದ ಡಿಸ್ಕ್ ಇದ್ದರೆ ತನ್ನಿ, ಇದು ಕೈಕೊಡುವ ಮೊದಲು.

ಹೊಟ್ಟೆಪಾಡು ಈಗ ಜೆರಾಕ್ಸ್, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಫೋಟೋದ್ದು. ಹಳೆಯ ಫೋಟೋಗಳನ್ನು ಪೆನ್‌ಡ್ರೈವಿಗೆ ಇಳಿಸಿ ಡಿಸ್ಕನ್ನು ಮುಚ್ಚಿಕೊಡುವ ಕೆಲಸ ಬೆಳಗ್ಗೆ ಒಂದು, ಡ್ರೈವಿನ ಮನಸ್ಸು ಚೆನ್ನಾಗಿದ್ದರೆ ಎರಡು. ಇದಕ್ಕೆ ಅವರು ಕೂಲಿ ಕೇಳುವುದಿಲ್ಲ.

ಈ ಬೆಳಿಗ್ಗೆ ಬಂದಿರುವವರು ಭಾಗಮಂಡಲದ ಕಡೆಯ ಕಮಲ, ಜೊತೆಗೆ ಹದಿನಾರರ ಮಗಳು ರಮ್ಯ. ರಾತ್ರಿ ಕುಶಾಲನಗರದಲ್ಲಿ ತಂಗಿಯ ಮನೆಯಲ್ಲಿ ಉಳಿದು, ಮೊದಲ ಬಸ್ಸಿಗೆ ಇಳಿದಿದ್ದಾರೆ. ಕೈಯಲ್ಲಿ ಒಂದು ಪೊಟ್ಟಣ ಕರಿಮೆಣಸು, ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಡಿಸ್ಕು.

“ವರ್ಷ ವರ್ಷ ಹುತ್ತರಿಗೆ ನಮ್ಮ ಗದ್ದೆಯಲ್ಲೇ ನಿಂತು ಫೋಟೋ ತೆಗೀತಿದ್ದದ್ದು, ಕದಿರು ಕೊಯ್ಯುವಾಗ,” ಎನ್ನುತ್ತಾರೆ ಕಮಲ. “ಇವಳು ಮೂರು ವರ್ಷದವಳಿರುವಾಗ ಗುಡ್ಡ ಜಾರಿ ಗದ್ದೆ ಪೂರ್ತಿ ಮಣ್ಣಿನಡಿ ಹೋಯ್ತು. ಈಗ ಕದಿರಿಗೆ ನೆಂಟರ ಗದ್ದೆಗೆ ಹೋಗುದು. ಇವಳಿಗೆ ನಮ್ಮ ಗದ್ದೆ ನೆನಪೇ ಇಲ್ಲ. ಬೇರೆ ಫೋಟೋ ಎಂತದೂ ಇಲ್ಲ ನಮ್ಮ ಹತ್ರ, ಇದೊಂದೇ.”

ದೇವರ ಹಾಡು ನಿಲ್ಲುತ್ತದೆ. ನಂದೀಶ್ ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಟ್ರೇಯಲ್ಲಿಟ್ಟು ಮೆಲ್ಲಗೆ ಒಳದೂಡುತ್ತಾರೆ. ಗಿರಗುಟ್ಟುವ ಸದ್ದು ಏರುತ್ತದೆ, ಇಳಿಯುತ್ತದೆ. ಪರದೆಯ ಮೇಲೆ ‘ಖಾಲಿ’ ಎಂದು ಬರುತ್ತದೆ. ಕಮಲ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

ನಂದೀಶ್ ಗಾಬರಿಯಾದರೂ ತೋರಿಸಿಕೊಳ್ಳುವವರಲ್ಲ. ಟ್ರೇ ಎಳೆದು ಹತ್ತಿಕಡ್ಡಿಗೆ ಒಂದೇ ಹನಿ ಸ್ಪಿರಿಟ್ ಹಾಕಿ ಲೆನ್ಸ್ ಸವರುತ್ತಾರೆ, ಬುರುಡೆ ಒತ್ತಿ ದೂಳು ಊದುತ್ತಾರೆ. ಪರದೆಯಲ್ಲಿ ತೆರೆದಿದ್ದ ಬೇರೆಲ್ಲ ಕೆಲಸ ಮುಚ್ಚುತ್ತಾರೆ. ಡಿಸ್ಕನ್ನು ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡಿ ಮತ್ತೆ ಇಡುತ್ತಾರೆ. ಮತ್ತೆ ‘ಖಾಲಿ’. ಮೂರನೆಯ ಸಲ ಲ್ಯಾಪ್‌ಟಾಪನ್ನೇ ಎತ್ತಿ ಒಂದು ಪಕ್ಕಕ್ಕೆ ಓರೆಯಾಗಿ ಹಿಡಿಯುತ್ತಾರೆ. “ಒಂದೊಂದ್ಸಲ ಹಿಂಗೆ ಹಿಡಿದ್ರೆ ಲೆನ್ಸ್ ಸರಿಯಾಗಿ ಕೂರತ್ತೆ. ಯಾರೂ ಮಾತಾಡ್ಬೇಡಿ.”

ಸದ್ದು ಈ ಸಲ ಏರಿಳಿಯದೆ ಒಂದೇ ಸಮನಾಗುತ್ತದೆ. ಪರದೆಯಲ್ಲಿ ಒಂದೊಂದೇ ಚಿತ್ರ ಮೂಡುತ್ತದೆ: ಹಣ್ಣಾದ ಭತ್ತದ ಗದ್ದೆ, ಅದರ ಬದುವಿನ ಮೇಲೆ ಸಾಲಾಗಿ ನಿಂತ ಮನೆಮಂದಿ, ಕೊನೆಯದರಲ್ಲಿ ಕಮಲರ ಸೊಂಟದ ಮೇಲೆ ಕದಿರು ಹಿಡಿದ ಪುಟ್ಟ ಹುಡುಗಿ.

“ಇದ್ ನಮ್ಮ ಗದ್ದೆನಾ ಅವ್ವ?” ರಮ್ಯಳ ದನಿ ಸಣ್ಣದಾಗುತ್ತದೆ.

“ಹೌದು ಮಗ. ಆ ನೀರು ಹರಿಯುವ ತೋಡಿನವರೆಗೂ ನಮ್ಮದೇ.” ಅಷ್ಟು ಹೇಳಿ ಕಮಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಫೋಟೋಗಳೆಲ್ಲ ಪೆನ್‌ಡ್ರೈವಿಗೆ ಇಳಿದ ಮೇಲೆ ಕಮಲ ಕೇಳುವುದು ಇಲ್ಲಿಗೆ ಬಂದವರೆಲ್ಲ ಕೇಳುವುದನ್ನೇ: ಮುಚ್ಚುವ ಮೊದಲು ಈ ವರ್ಷದ್ದು ಒಂದು ಸೇರಿಸಿಕೊಡಿ. ಫೋನಿನಿಂದ ಬಂದ ಚಿತ್ರದಲ್ಲಿ ನೆಂಟರ ಗದ್ದೆ, ರಮ್ಯಳ ಕೈಯಲ್ಲಿ ಕದಿರು. ನಂದೀಶ್ ಎಲ್ಲಕ್ಕಿಂತ ನಿಧಾನದ ವೇಗ ಆರಿಸಿ ಬರೆಯಲು ಬಿಡುತ್ತಾರೆ. ಅಷ್ಟರಲ್ಲಿ ದುಬಾರೆಯ ಮೊದಲ ವಾಹನ ಧಡಧಡನೆ ಹಾದುಹೋಗುತ್ತದೆ. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಉಸಿರು ಬಿಗಿಹಿಡಿಯುತ್ತಾರೆ. ಬರೆದು ಮುಗಿಯುತ್ತದೆ. ಪ್ರಶ್ನೆ ಬರುತ್ತದೆ. ‘ಹೌದು’ ಒತ್ತುತ್ತಾರೆ.

“ಇನ್ನು ಯಾರ ಮನೇಲಾದ್ರೂ ಓಡತ್ತೆ ಕಮಲಮ್ಮ. ಜಾಗ...” ಎಂದು ಬಾಯಿ ತೆಗೆದವರು ಅಲ್ಲಿಗೇ ನಿಲ್ಲಿಸುತ್ತಾರೆ. ಅಷ್ಟು ವರ್ಷ ಹೇಳಿದ ಮಾತು ನಾಲಿಗೆಯ ತುದಿಗೆ ಬಂದು, ಹೇಳಲಾಗದೆ ಉಳಿಯುತ್ತದೆ.

ಕಾಫಿಯ ಫ್ಲಾಸ್ಕ್ ಹಿಡಿದು ಬಂದ ಹೆಂಡತಿ ಉಷಾರಾಣಿಗೆ ಗಂಡನನ್ನು ಬೈಯಲು ಸಾಕ್ಷಿಗಳು ಸಿಕ್ಕಿದಂತಾಗುತ್ತದೆ. “ಊರೋರದ್ದೆಲ್ಲ ಆಯ್ತು, ನಮ್ದು ಯಾವಾಗ ಕೇಳಿ ಇವ್ರನ್ನ. ಅಂಗಡಿಯ ಆಯುಧಪೂಜೆ ಫೋಟೋ ಎಲ್ಲ ಒಂದೇ ಡಿಸ್ಕಲ್ಲಿ ಐತೆ. ಎರಡು ವರ್ಷದಿಂದ ಹೇಳ್ತಿದೀನಿ.”

“ನಮ್ದು ಹಾಕಿದಾಗ ಡ್ರೈವ್ ಕೆಟ್ಟುಹೋದ್ರೆ ಇನ್ನೊಬ್ಬರ ಮನೇದು ಹೋಯ್ತಲ್ಲ. ನಮ್ದು ಕೊನೇಗೆ,” ಎನ್ನುತ್ತಾರೆ ನಂದೀಶ್.

ಕಮಲ ಸ್ಟೂಲಿನಿಂದ ಏಳುವುದಿಲ್ಲ. “ನೀವು ಹಾಕಿ ಅಣ್ಣ. ಬಸ್ಸು ಇನ್ನೊಂದು ಉಂಟು. ನಿಮ್ಮದು ನೋಡಿಯೇ ಹೋಗುದು ನಾನು.”

ಬೇರೆ ದಾರಿ ಕಾಣದೆ ನಂದೀಶ್ ಮೇಜಿನ ಖಾನೆಯಿಂದ ತಮ್ಮ ಡಿಸ್ಕ್ ತೆಗೆಯುತ್ತಾರೆ. ಡ್ರೈವ್ ಎರಡು ಸಲ ಮುನಿಸಿಕೊಂಡು ಮೂರನೆಯದಕ್ಕೆ ಒಪ್ಪುತ್ತದೆ. ಇದೇ ಮೇಜು, ಇದೇ ಲ್ಯಾಪ್‌ಟಾಪಿನ ಹಣೆಗೆ ಕುಂಕುಮ, ಚೆಂಡುಹೂವಿನ ಹಾರ. ಪಕ್ಕದಲ್ಲಿ ಮುಂದಿನ ಹಲ್ಲಿಲ್ಲದೆ ನಗುವ ಮಗಳು ದಿವ್ಯಶ್ರೀ, ಈಗ ಮಡಿಕೇರಿಯಲ್ಲಿ ನರ್ಸ್. ತೆಳ್ಳಗಿನ ಉಷಾರಾಣಿ. ಕಪ್ಪು ಕೂದಲಿನ ನಂದೀಶ್. ಉಷಾರಾಣಿ ಕಾಫಿ ಬಗ್ಗಿಸುವುದನ್ನು ಮರೆತು ನಿಂತಿದ್ದಾರೆ.

ಚಿತ್ರಗಳೆಲ್ಲ ಪೆನ್‌ಡ್ರೈವಿಗೆ ಸೇರಿ ಕ್ಷೇಮವಾದ ಮೇಲೆ, ಡಿಸ್ಕ್ ತೆಗೆಯಹೋದರೆ ಪರದೆಯಲ್ಲಿ ಎಂದಿನ ಪ್ರಶ್ನೆ ಮೂಡುತ್ತದೆ. ನಂದೀಶ್ ‘ಬೇಡ’ ಒತ್ತಿ ಡಿಸ್ಕನ್ನು ಹೊರಗೆ ತೆಗೆಯುತ್ತಾರೆ.

“ಯಾಕ್ರೀ? ಮುಚ್ಚಿಬಿಡಿ ಅತ್ಲಾಗೆ,” ಎನ್ನುತ್ತಾರೆ ಉಷಾರಾಣಿ.

ಡಿಸ್ಕಿನ ಅಂಚಿನ ಖಾಲಿ ಪಟ್ಟಿಯನ್ನು ನಂದೀಶ್ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. “ಮುಂದಿನ ವರ್ಷ ಬನ್ನಿ ಅಂತ ಊರಿಗೆಲ್ಲ ಹೇಳಿದೋನು ನಾನು ಕಣೇ. ಒಂದು ಡಿಸ್ಕಾದ್ರೂ ಮುಚ್ಚದೆ ಇರ್ಲಿ.”